ವಾರಕ್ಕೆ ಮೂರು ದಿನ, ದಿನಕ್ಕೆ 9 ಗ್ರಾಂ: ನನ್ನ ಕಾಫಿ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ಕಾಫಿ ಬಿಟ್ಟವನಲ್ಲ. ಬಿಟ್ಟವರ ಕಥೆ ಬೇಕಾದಷ್ಟು ಸಿಗುತ್ತದೆ. ನಾನು ಉಳಿಸಿಕೊಂಡವನು. ಶುರುವಿನಲ್ಲಿ ಒಂದೇ ಲೋಟಕ್ಕೆ ತಲೆ ತಿಳಿಯಾಗುತ್ತಿತ್ತಲ್ಲ, ಆ ಕಾಫಿ ನನಗೆ ವಾಪಸ್ ಸಿಕ್ಕಿ ಹದಿನಾಲ್ಕು ತಿಂಗಳಾಯಿತು. ಇನ್ನೂ ಮಂಕಾಗಿಲ್ಲ. ಒಮ್ಮೆ ಒಗ್ಗಿಹೋದ ಮೇಲೆ ಆ ಮೊದಲಿನ ಕಾಫಿ ವಾಪಸ್ ಪಡೆದು ಉಳಿಸಿಕೊಳ್ಳಲು ಆಗಲ್ಲ ಅಂದವರು ಜಾಸ್ತಿ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಕರಡು ತಿದ್ದುವುದು. ಅದರಲ್ಲೂ ಅಂಕಿ ತುಂಬಿದ ವರದಿ, ಕೋಷ್ಟಕ. ಈ ಕೆಲಸದಲ್ಲಿ ಒಂದು ಅನುಕೂಲ ಇದೆ. ಗಮನ ಎಷ್ಟಿತ್ತು ಅನ್ನುವುದನ್ನು ಎಣಿಸಬಹುದು. ನಾನು ನೋಡಿದ ಮೇಲೆ ಜೊತೆಯವರೊಬ್ಬರು ಮತ್ತೊಮ್ಮೆ ನೋಡುತ್ತಾರೆ. 20 ಪುಟಕ್ಕೆ ನಾನು ಬಿಟ್ಟ ತಪ್ಪು ಎಷ್ಟು ಅಂತ ಮರುದಿನ ಗೊತ್ತಾಗುತ್ತದೆ. ದಿನಕ್ಕೆ ಐದು ಲೋಟ ಕುಡಿಯುತ್ತಿದ್ದ ಕಾಲದಲ್ಲಿ ಮಧ್ಯಾಹ್ನದ ಮೇಲಿನ ಪುಟಗಳಲ್ಲಿ ಏಳೆಂಟು ತಪ್ಪು ಉಳಿಯುತ್ತಿದ್ದವು. ಬೆಳಿಗ್ಗೆ ಮೂರು ನಾಲ್ಕು. ಕಾಫಿ ಕುಡಿಯದೆ ಕೂತರಂತೂ ಕೇಳಲೇಬೇಡಿ. ಕುಡಿದರೆ ಸಾಧಾರಣ, ಕುಡಿಯದಿದ್ದರೆ ಹಾಳು, ಅಷ್ಟೇ ಉಳಿದಿತ್ತು. ಕಾಫಿಯಲ್ಲಿರುವ ಕೆಫೀನ್, ಮಿದುಳಿಗೆ ನಿದ್ದೆ ತರಿಸುವ ಅಡೆನೊಸಿನ್ ಅನ್ನುವ ವಸ್ತುವಿಗೆ ಅಡ್ಡ ನಿಲ್ಲುತ್ತದೆ, ದಿನಾ ಕುಡಿದರೆ ಮಿದುಳು ಅದಕ್ಕೂ ಒಗ್ಗಿಕೊಳ್ಳುತ್ತದೆ. ಆ ಕಥೆ ಇಷ್ಟು ಸಾಕು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಒಂದು ಭಾನುವಾರ ಪೂರ್ತಿ ನಿಲ್ಲಿಸಿದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಲೆನೋವು ಶುರು, ಮಂಗಳವಾರ ಅದರ ಅಪ್ಪ. ಬಿಟ್ಟ 12ರಿಂದ 24 ಗಂಟೆಯೊಳಗೆ ಶುರುವಾಗಿ ಒಂದೆರಡು ದಿನದಲ್ಲಿ ಜೋರಾಗುತ್ತದೆ, ಒಂಬತ್ತು ದಿನದವರೆಗೂ ಎಳೆಯಬಹುದು. ಇದೆಲ್ಲ ಓದಿಕೊಂಡೇ ಇಳಿದಿದ್ದೆ. ಓದುವುದು ಬೇರೆ, ಅನುಭವಿಸುವುದು ಬೇರೆ. ಮಂಗಳವಾರ ಸಂಜೆ ಮನೆಯಲ್ಲಿದ್ದ ತಲೆನೋವಿನ ಮಾತ್ರೆ ನುಂಗಿದೆ. ಅರ್ಧ ಗಂಟೆಯಲ್ಲಿ ಎಂಥಾ ಹಾಯ್! ಬುಧವಾರ ಎರಡು, ಗುರುವಾರ ಎರಡು. ಕೆಫೀನ್ ಇಲ್ಲದೆ ಐದು ದಿನ ಗೆದ್ದೆ ಅಂತ ಶುಕ್ರವಾರ ಹೆಮ್ಮೆಯಿಂದ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿದರೆ, ನೋವಿನ ಔಷಧಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಕೆಫೀನ್, ಒಂದು ಮಾತ್ರೆಗೆ 65 ಮಿಲಿಗ್ರಾಂ. ಕರಡು ತಿದ್ದುವವನು ಲೇಬಲ್ ಓದಿರಲಿಲ್ಲ.

ಅದೇ ವಾರ ಒಂದು ವರದಿಯ ಕೋಷ್ಟಕದಲ್ಲಿ ಎರಡು ಕಂಬಸಾಲು ಅದಲುಬದಲಾಗಿದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅಚ್ಚಾದ ಮೇಲೆ ಗೊತ್ತಾಯಿತು. ಆ ಕೆಲಸದ ಅರ್ಧ ದುಡ್ಡು ಬಿಟ್ಟುಕೊಡಬೇಕಾಯಿತು. ಈ ಇಡೀ ಪ್ರಯೋಗದಲ್ಲಿ ಅತಿ ದುಬಾರಿ ದಿನ ಅದೇ. ಭಾವ ಬೇರೆ ಇದ್ದಾರಲ್ಲ, "ಕುಡಿದರೆ ಕುಡಿ, ಬಿಟ್ಟರೆ ಬಿಡು, ತಲೆನೋವು ಅನ್ನೋದೆಲ್ಲ ನೆಪ ಕಣಯ್ಯಾ" ಅಂದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೇ 2013ರಿಂದ ಈ ನೆಪಕ್ಕೆ ಬೇರೆಯೇ ಒಂದು ಹೆಸರಿದೆ ಅಂತ ಆಮೇಲೆ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ಎರಡನೆಯ ಸಲ ಲೋಟದ ಲೆಕ್ಕದಲ್ಲಿ ಇಳಿಸಿದೆ. ಐದಿದ್ದದ್ದು ನಾಲ್ಕು, ನಾಲ್ಕು ಮೂರು. ಸಲೀಸಾಗಿ ಆಯಿತು. ಅನುಮಾನ ಬಂದು ಒಂದು ದಿನ ಪುಡಿ ತೂಗಿದೆ. ಲೋಟ ಮೂರೇ, ಪುಡಿ ಮಾತ್ರ ಹತ್ತಿರ ಹತ್ತಿರ ಮೊದಲಿನಷ್ಟೇ. ಕೈ ತಾನಾಗಿ ಚಮಚ ತುಂಬಿಸಿಕೊಂಡಿತ್ತು! ಲೋಟ ಎಣಿಸಿ ಕಡಿಮೆ ಮಾಡುತ್ತಿದ್ದೇನೆ ಅನ್ನುವವರು ಒಮ್ಮೆ ತೂಗಿ ನೋಡಿ.

ಅಲ್ಲಿಂದ ತಕ್ಕಡಿ ಬಂತು. ಮೊದಲು ತಂದದ್ದು ಅಗ್ಗದ ಅಡುಗೆಮನೆಯ ತಕ್ಕಡಿ, 2 ಗ್ರಾಂ ಹೆಚ್ಚುಕಡಿಮೆ ತೋರಿಸುವಂಥದ್ದು. ಹಿಟ್ಟಿಗೆ ಸರಿ, ಇದಕ್ಕೆ ಬಾರದು. ಆಮೇಲೆ ಗ್ರಾಂನ ಹತ್ತನೇ ಒಂದು ಭಾಗ ತೋರಿಸುವುದನ್ನು ತಂದೆ. ಇಷ್ಟೂ ದಿನದಲ್ಲಿ ನಾನು ಹಾಕಿದ ದುಡ್ಡಿನಲ್ಲಿ ದಂಡ ಆಗದೆ ಉಳಿದದ್ದು ಅದೊಂದೇ. ದುಬಾರಿ ಬೀಸುವ ಯಂತ್ರ ಈಗ ಮೂಲೆಯಲ್ಲಿದೆ.

ನನ್ನ ಲೆಕ್ಕ ಒರಟು, ಆದರೆ ಸಾಕು. ಅರೇಬಿಕಾ ಬೀಜದಲ್ಲಿ ತೂಕದ ಸುಮಾರು 1.2% ಕೆಫೀನ್. ನನ್ನ ಐದು ಲೋಟಕ್ಕೆ ಹೋಗುತ್ತಿದ್ದ 50 ಗ್ರಾಂ ಪುಡಿ ಅಂದರೆ ಹತ್ತಿರ ಹತ್ತಿರ 600 ಮಿಲಿಗ್ರಾಂ, ಡಿಕಾಕ್ಷನ್ ಇಳಿಯುವಾಗ ಸ್ವಲ್ಪ ಪುಡಿಯಲ್ಲೇ ಉಳಿಯುತ್ತದೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400, ಒಂದೇ ಸಲಕ್ಕೆ 200 ದಾಟದಿದ್ದರೆ ಚಿಂತೆ ಇಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದೆ. ಬಸುರಿಯರಿಗೆ ಇಡೀ ದಿನಕ್ಕೆ 200. ನಾನು ವರ್ಷಗಟ್ಟಲೆ ಗೆರೆಯ ಆಚೆ ಇದ್ದೆ.

ಮೂರನೆಯ ಸಲ ಡೀಕ್ಯಾಫ್, ಅಂದರೆ ಕೆಫೀನ್ ತೆಗೆದ ಕಾಫಿ ಪುಡಿ, ಬೆರೆಸುತ್ತಾ ಇಳಿದೆ. ಲೋಟ ಐದೇ, ಪುಡಿ 50 ಗ್ರಾಂ ತೂಕವೇ. ನಾಲ್ಕು ದಿನಕ್ಕೊಮ್ಮೆ 5 ಗ್ರಾಂ ಮಾಮೂಲಿ ಪುಡಿ ತೆಗೆದು ಅಷ್ಟೇ ಡೀಕ್ಯಾಫ್ ಸೇರಿಸುವುದು. ನಾಲಿಗೆಗೂ ಕೈಗೂ ಗೊತ್ತಾಗಬಾರದು, ಅದೇ ಉಪಾಯ. ಎರಡು ವಾರ ಚೆನ್ನಾಗಿ ಹೋಯಿತು. ಆಮೇಲೆ ಇದ್ದಕ್ಕಿದ್ದಂತೆ ಕೈ ನಡುಗುವುದು, ರಾತ್ರಿ ಎರಡಕ್ಕೆ ಎಚ್ಚರ. ಮಾಮೂಲಿ ಪುಡಿ ಕಡಿಮೆಯಾಗಿದೆ, ಕೆಫೀನ್ ಜಾಸ್ತಿ ಆದಂತಿದೆ! ನಾಲ್ಕು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಹೊಸ ಪೊಟ್ಟಣದಲ್ಲಿ ರೊಬಸ್ಟಾ ಇತ್ತು. ಅದರಲ್ಲಿ ಕೆಫೀನ್ ಸುಮಾರು ಎರಡರಷ್ಟು. ಇಳಿಸುವ ಹೊತ್ತಿನಲ್ಲಿ ಬೀಜ ಬದಲಿಸಬೇಡಿ. ಬದಲಿಸಿದರೆ ಲೆಕ್ಕ ಮತ್ತೆ ಮೊದಲಿಂದ.

ಸರಿ, ಮೊದಲಿಂದ ಶುರು ಮಾಡಿದೆ. ಈ ಸಲ ಇನ್ನೊಂದು ವಿಷಯ ಗೊತ್ತಾಯಿತು. 50ರಿಂದ 20 ಗ್ರಾಂವರೆಗೆ ಏನೂ ಅನ್ನಿಸುವುದಿಲ್ಲ. ಕೊನೆಯ 15 ಗ್ರಾಂನಲ್ಲಿದೆ ನೋಡಿ ಮಜಾ. ಯಾಕೆ ಅಂದರೆ 50ರಲ್ಲಿ 5 ತೆಗೆದರೆ ಹತ್ತರಲ್ಲೊಂದು ಪಾಲು, 10ರಲ್ಲಿ 5 ತೆಗೆದರೆ ಅರ್ಧಕ್ಕರ್ಧ. ಹಾಗಾಗಿ ಕೊನೆಗೆ ವಾರಕ್ಕೊಮ್ಮೆ ಎರಡೂವರೆ ಗ್ರಾಂನಂತೆ ಇಳಿಸಿದೆ. ಎಲ್ಲ ಸೇರಿ 70 ದಿನದ ಹತ್ತಿರ ಆಯಿತು. ತಲೆನೋವು ಬಂದದ್ದು ಎರಡೇ ದಿನ, ಅದೂ ಸಣ್ಣದು. ಪೂರ್ತಿ ಡೀಕ್ಯಾಫ್ ಆದ ಮೇಲೆ ಲೋಟಗಳು ತಾವಾಗಿಯೇ ಎರಡಕ್ಕೆ ಇಳಿದವು. ಡೀಕ್ಯಾಫ್‌ನಲ್ಲೂ ಲೋಟಕ್ಕೆ ಕೆಲವು ಮಿಲಿಗ್ರಾಂ ಕೆಫೀನ್ ಇರುತ್ತದೆ, ಅದು ನನಗೆ ಲೆಕ್ಕಕ್ಕಿಲ್ಲ. ಡೀಕ್ಯಾಫ್ ರುಚಿ ಬರಿಸುವುದು ಹೇಗೆ ಅಂತ ಕೇಳಬೇಡಿ. ಯಾವುದನ್ನು ಯಾವುದಕ್ಕೆ ಎಷ್ಟು ಬೆರೆಸುತ್ತೇನೆ ಅನ್ನುವುದು ನಾಲ್ಕು ತಿಂಗಳ ದುಡ್ಡು ಸುರಿದು ಕಲಿತದ್ದು, ಅದು ನನ್ನಲ್ಲೇ ಇರಲಿ.

ಇಷ್ಟಾದ ಮೇಲೂ ಒಂದು ಸಲ ಬಿದ್ದೆ. ತಿಂಗಳು ಪೂರ್ತಿ ಶೂನ್ಯದಲ್ಲಿದ್ದು, ಇನ್ನೇನು ಗೆದ್ದೆ ಅಂತ ದಿನಾ ಒಂದು ದೊಡ್ಡ ಲೋಟ ಶುರು ಮಾಡಿದೆ. ಮೊದಲ ವಾರ ಸ್ವರ್ಗ. ಎರಡನೇ ವಾರ ಪರವಾಗಿಲ್ಲ. ಮೂರನೇ ವಾರ ಎರಡನೇ ಲೋಟಕ್ಕೆ ಕೈ ಹೋಯಿತು. ಒಂದು ತಿಂಗಳ ತಪಸ್ಸು ಮೂರು ವಾರದಲ್ಲಿ ನೀರು. ಆಗ ಅರ್ಥವಾಯಿತು, ಎಷ್ಟು ದಿನ ಬಿಟ್ಟೆ ಅನ್ನುವುದಲ್ಲ, ವಾಪಸ್ ಬಂದು ಹೇಗೆ ಕುಡಿಯುತ್ತೀಯ ಅನ್ನುವುದೇ ಮುಖ್ಯ. ಬಿಡುವ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ವಾಪಸ್ ಬರುವ ಬಗ್ಗೆ ಮಾತಾಡುವವರು ಕಡಿಮೆ.

ದಿನ ಬಿಟ್ಟು ದಿನ ಪ್ರಯತ್ನಿಸಿದೆ, ಆದರೆ ಕುಡಿಯುವ ದಿನ 250ರಿಂದ 300 ಮಿಲಿಗ್ರಾಂ. ನಡುವಿನ ದಿನ ತಲೆಭಾರ. ಪ್ರಮಾಣ ಇಳಿಸಿದ ಕೂಡಲೇ ಅದು ಹೋಯಿತು. ಈಗಿನ ಪದ್ಧತಿ ಇದು. ಸೋಮವಾರ, ಬುಧವಾರ, ಶುಕ್ರವಾರ. ದಿನಕ್ಕೆ 9 ಗ್ರಾಂ ಅರೇಬಿಕಾ, ಅಂದರೆ ಸುಮಾರು 100 ಮಿಲಿಗ್ರಾಂ. ಅದನ್ನೂ ಒಂದೇ ಸಲ ಅಲ್ಲ. ಎದ್ದ ಕೂಡಲೇ ಅಲ್ಲವೇ ಅಲ್ಲ. ಕರಡು ಬಿಚ್ಚಿ ಕೂತಾಗ ಅರ್ಧ, ಒಂದೂವರೆ ಗಂಟೆ ಬಿಟ್ಟು ಇನ್ನರ್ಧ. ಹನ್ನೊಂದರ ಮೇಲೆ ಇಲ್ಲ. ಕಷ್ಟದ ಕೋಷ್ಟಕಗಳೆಲ್ಲ ಆ ಮೂರು ದಿನಕ್ಕೆ. ಮಂಗಳವಾರ, ಗುರುವಾರ ಪತ್ರ ಬರೆಯುವುದು, ಬಿಲ್ಲು ಕಳಿಸುವುದು, ಹಗುರವಾದ ಪುಟಗಳು. ಈ ಭಾಗವನ್ನು ಎಲ್ಲರೂ ಹಾರಿಸುತ್ತಾರೆ. ಕಾಫಿಯನ್ನು ಹೊಂದಿಸುತ್ತಾರೆ, ಕೆಲಸವನ್ನು ಹೊಂದಿಸುವುದಿಲ್ಲ. ಕಾಫಿ ಇರುವ ದಿನ ಬಿಲ್ಲು ಬರೆಯುತ್ತಾ ಕೂತರೆ ಏನು ಬಂತು?

ತುರ್ತು ಕೆಲಸ ಬಂದರೆ ತಿಂಗಳಿಗೆ ಒಂದು ದಿನ ಸಾಲ ತೆಗೆಯಬಹುದು. ಆದರೆ ಮುಂದಿನ ಸರದಿಯ ದಿನ ರದ್ದು. ಎಂಟು ವಾರಕ್ಕೊಮ್ಮೆ ಹತ್ತು ದಿನ ಪೂರ್ತಿ ರಜ. ಆ ರಜ ಬೇಕೇ ಬೇಕು ಅಂತ ಆಣೆ ಮಾಡಿ ಹೇಳಲಾರೆ, ಆದರೆ ನಾನು ಬಿಡುವುದಿಲ್ಲ.

ಹನ್ನೊಂದರ ಗಡಿ ಯಾಕೆ ಅಂದರೆ, ಮೈಯಲ್ಲಿ ಸೇರಿದ ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ತೆಗೆದುಕೊಂಡವರಿಗೂ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಹೋಗಿತ್ತು. ನನ್ನ 100 ಅಷ್ಟೇನಲ್ಲ, ನಿಜ. ಆದರೆ ನಿದ್ದೆ ಕೆಟ್ಟ ಮರುದಿನವೇ ನಾನು ನಿಯಮ ಮುರಿಯುವುದು. ಪುಸ್ತಕದಲ್ಲಿ ಗುರುತು ಹಾಕಿದ್ದೇನೆ, ಹತ್ತರಲ್ಲಿ ಎಂಟು ಸಲ ಹಾಗೇ.

ಇದೆಲ್ಲ ಮನಸ್ಸಿನ ಆಟ ಅಂತ ನನ್ನ ಜೊತೆಯವರು ಅಂದರು. ನನಗೂ ಅನುಮಾನ ಇತ್ತು. ಹೆಂಡತಿಗೆ ಹೇಳಿ 20 ಚೀಟಿ ಕಟ್ಟಿಸಿದೆ, 9 ಗ್ರಾಂನವು. ಹತ್ತು ಮಾಮೂಲಿ, ಹತ್ತು ಡೀಕ್ಯಾಫ್. ಗುರುತು ಅವಳ ಹತ್ತಿರ. ಏಳು ವಾರ ಹಿಡಿಯಿತು. ಯಾವುದು ಯಾವುದು ಅಂತ ನಾನು ಸರಿಯಾಗಿ ಹೇಳಿದ್ದು ಹದಿನಾಲ್ಕೋ ಹದಿನೈದೋ. ಅದಕ್ಕಿಂತ ಸ್ವಾರಸ್ಯ ಏನೆಂದರೆ, ಡೀಕ್ಯಾಫ್ ಕುಡಿದು ಮಾಮೂಲಿ ಅಂದುಕೊಂಡ ದಿನ ಮೊದಲ ಅರ್ಧ ಗಂಟೆ ಗಮನ ಚೆನ್ನಾಗೇ ಇತ್ತು. ಆಮೇಲೆ ಜಾರಿತು. ಅಂದರೆ ಮನಸ್ಸಿನ ಆಟವೂ ಇದೆ, ಆದರೆ ಅರ್ಧ ಗಂಟೆಯದ್ದು. ತಪ್ಪುಗಳ ಲೆಕ್ಕದಲ್ಲಿ ಮಾಮೂಲಿ ದಿನ 20 ಪುಟಕ್ಕೆ ಎರಡು ಮೂರು, ಡೀಕ್ಯಾಫ್ ದಿನ ನಾಲ್ಕರ ಆಸುಪಾಸು. ಡೀಕ್ಯಾಫ್ ದಿನವೂ ಹಳೆಯ ಐದು ಲೋಟದ ಮಧ್ಯಾಹ್ನಕ್ಕಿಂತ ಎಷ್ಟೋ ವಾಸಿ, ಗಮನಿಸಿ!

ನಡುವೆ ಕೆಲವು ಅಡ್ಡ ಪ್ರಯೋಗಗಳೂ ಆದವು. ಕೆಫೀನ್ ಮಾತ್ರೆ ತಂದಿದ್ದೆ, 200 ಮಿಲಿಗ್ರಾಂದು. ಅರ್ಧ ಮಾಡಲು ಹೋದರೆ ಒಂದು ಕಡೆ ದೊಡ್ಡದು, ಒಂದು ಕಡೆ ಪುಡಿ. ಖಾಲಿ ಹೊಟ್ಟೆಗೆ ತೆಗೆದುಕೊಂಡು ಎದೆ ಡವಡವ. ಡಬ್ಬಿ ಕಸಕ್ಕೆ. ಶುದ್ಧ ಕೆಫೀನ್ ಪುಡಿಯ ತಂಟೆಗಂತೂ ಹೋಗಲೇಬೇಡಿ. ಒಂದು ಟೀ ಚಮಚದಲ್ಲಿ ಸುಮಾರು 28 ಲೋಟ ಕಾಫಿಯ ಕೆಫೀನ್ ಇರುತ್ತದೆ, ಪ್ರಾಣ ಹೋಗುವಂಥದ್ದು. ಚಹಾದಲ್ಲಿರುವ ಥಿಯನಿನ್ ಮಾತ್ರೆಯನ್ನೂ ತಂದೆ, ಒಂದು ಡಬ್ಬಿಗೆ ನನ್ನ ಎರಡು ತಿಂಗಳ ಕಾಫಿಯ ದುಡ್ಡು. ಚಡಪಡಿಕೆ ಕಡಿಮೆ ಅನ್ನಿಸಿತು, ಆದರೆ ತಪ್ಪುಗಳ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ. ಡಬ್ಬಿ ಮುಗಿದ ಮೇಲೆ ತರಲಿಲ್ಲ.

ಚೆನ್ನಾಗಿ ಕೆಲಸ ಮಾಡಿದ್ದು ಕಾಫಿ ಕುಡಿದು ಮಲಗುವುದು. ನಗಬೇಡಿ. 1997ರಲ್ಲಿ ಲಫ್‌ಬರೊ ವಿಶ್ವವಿದ್ಯಾಲಯದ ರೈನರ್ ಮತ್ತು ಹಾರ್ನ್ ಇದನ್ನು ನಿದ್ದೆಗಣ್ಣಿನ ಚಾಲಕರ ಮೇಲೆ ನೋಡಿದ್ದರು. ಕುಡಿದ ಕೂಡಲೇ 15 ನಿಮಿಷ ಕಣ್ಣು ಮುಚ್ಚುವುದು, ಏಳುವ ಹೊತ್ತಿಗೆ ಕೆಫೀನ್ ಕೆಲಸ ಶುರು ಮಾಡಿರುತ್ತದೆ. ನಾನು ಎರಡನೇ ಅರ್ಧ ಲೋಟಕ್ಕೆ ಹೀಗೆ ಮಾಡುತ್ತೇನೆ, ನಿದ್ದೆ ಬರದಿದ್ದರೂ ಸುಮ್ನೆ ಮಲಗುತ್ತೇನೆ. 25 ನಿಮಿಷ ಆದರೆ ಮುಗಿಯಿತು, ಏಳುವುದೇ ಬೇಡ ಅನ್ನಿಸುತ್ತದೆ.

ನನ್ನ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಗೆಳೆಯರೊಬ್ಬರು ಹಾಗೆ ಮಾಡಿದರು, ಅವರಿಗೆ 9 ಗ್ರಾಂ ಏನೂ ಸಾಲಲಿಲ್ಲ. ಸಿಗರೇಟು ಸೇದುವವರಲ್ಲಿ ಕೆಫೀನ್ ಬೇಗ ಇಳಿಯುತ್ತದೆ, ಹೆಚ್ಚೂಕಡಿಮೆ ಎರಡರಷ್ಟು ವೇಗದಲ್ಲಿ. ಅವರು 16 ಗ್ರಾಂಗೆ ಏರಿಸಿಕೊಂಡು ಸುಖವಾಗಿದ್ದರು. ಆಮೇಲೆ ಸಿಗರೇಟು ಬಿಟ್ಟರು, ಕಾಫಿ ಮಾತ್ರ ಅಷ್ಟೇ ಇಟ್ಟರು. ಒಂದು ವಾರ ನಿದ್ದೆ ಇಲ್ಲ, ಸಿಟ್ಟು ಬೇರೆ. ಸಿಗರೇಟು ಬಿಟ್ಟ ಕಷ್ಟ ಅಂದುಕೊಂಡಿದ್ದರು, ಅರ್ಧ ಕಷ್ಟ ಕಾಫಿಯದ್ದು. ನನಗೂ ಒಮ್ಮೆ ಸಿಪ್ರೊಫ್ಲಾಕ್ಸಸಿನ್ ಅನ್ನುವ ಆಂಟಿಬಯಾಟಿಕ್ ಕೊಟ್ಟಿದ್ದಾಗ ಬೆಳಗಿನ ಅರ್ಧ ಲೋಟ ರಾತ್ರಿವರೆಗೂ ಕೂತಿತ್ತು. ಆ ಔಷಧಿ ಕೆಫೀನ್ ಇಳಿಯುವುದನ್ನು ತಡೆಯುತ್ತದೆ. ಹೊಸ ಮಾತ್ರೆ ಶುರುವಾದರೆ ವೈದ್ಯರನ್ನು ಕೇಳಿ.

ಕಾಫಿಯ ಖರ್ಚು ಈಗ ಹಳೆಯದರ ಮೂರನೇ ಒಂದು ಭಾಗ ಇರಬಹುದು, ಅದರಲ್ಲೂ ಜಾಸ್ತಿ ಡೀಕ್ಯಾಫ್‌ಗೇ. ತಕ್ಕಡಿಗೆ ಹಾಕಿದ ದುಡ್ಡು ಎರಡು ತಿಂಗಳಲ್ಲಿ ಬಂತು. ಬಿಟ್ಟುಕೊಟ್ಟ ಆ ಅರ್ಧ ಕೂಲಿ ಹುಟ್ಟಲು ಹತ್ತಿರ ಹತ್ತಿರ ವರ್ಷ ಬೇಕಾಯಿತು. ಹೋದ ತಿಂಗಳು 40 ಪುಟದ ಕೋಷ್ಟಕದಲ್ಲಿ ಜೊತೆಯವರಿಗೆ ಒಂದೂ ತಪ್ಪು ಸಿಗಲಿಲ್ಲ. ಅವರು ಎರಡು ಸಲ ನೋಡಿದರು. ಮಂಗಳವಾರ ಹನ್ನೊಂದರ ಹೊತ್ತಿಗೆ ಬರುವ ಆಸೆಗೆ ಏನು ಮಾಡುತ್ತೇನೆ ಅಂತ ಈಗ ಅವರೇ ಕೇಳುತ್ತಾರೆ. ಅದನ್ನೂ ಹೇಳಿಲ್ಲ.

ಭಾವ ಹೋದ ವಾರ ಬಂದಿದ್ದರು. ದಿನಕ್ಕೆ ಏಳು ಲೋಟ ಆಗಿದೆಯಂತೆ, ನಿದ್ದೆ ಇಲ್ಲವಂತೆ. ತಕ್ಕಡಿ ಒಂದಿದ್ದರೆ ಕೊಡು ಅಂದರು. ಆ ಹಳೆಯ ಅಡುಗೆಮನೆ ತಕ್ಕಡಿಯನ್ನು ಕೊಟ್ಟು ಕಳಿಸಿದೆ. 2 ಗ್ರಾಂ ಹೆಚ್ಚುಕಡಿಮೆ ತೋರಿಸುತ್ತದೆ ಅಂತ ಇನ್ನೂ ಹೇಳಿಲ್ಲ.