ನೆಲ ಹಾಕಿಸುವ ಮುನ್ನ, ಹಾಕಿಸಿದ ಮೇಲೆ

ಮನೆ ಕಟ್ಟುವವರು ಟೈಲ್ಸ್ ಅಂಗಡಿಗೆ ಹೋದ ಕೂಡಲೇ ಬಣ್ಣ, ಹೊಳಪು, ಚದರಡಿಯ ಬೆಲೆ ಕೇಳುತ್ತಾರೆ. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ್ದು ಒಂದಿದೆ: ಈ ನೆಲಕ್ಕೆ ನೀರು ಎಲ್ಲಿಂದ ಬರುತ್ತದೆ? ಅಡಿಯಿಂದ ಏರುವ ತೇವ, ಬಚ್ಚಲಿನಲ್ಲಿ ಸುರಿಯುವ ನೀರು, ದಿನಾ ಒರೆಸುವ ಬೋರ್‌ವೆಲ್ಲಿನ ಗಡಸು ನೀರು. ಮನೆಯ ನೆಲ ಕೆಡುವುದು ಬಹುತೇಕ ಈ ಮೂರರಿಂದ.

ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ, ಗದ್ದೆ ಬಯಲಿಗೆ ಅಂಟಿಕೊಂಡ ಮನೆಗಳಲ್ಲಿ ಮೊದಲ ಶತ್ರು ಅಡಿಯ ತೇವ. ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿದಾಗ ಅಂತರ್ಜಲ ಮೇಲೇರುತ್ತದೆ. ಟೈಲ್ಸ್ ಜಾಯಿಂಟಿನಲ್ಲಿ ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ, ಗೋಡೆಯ ಬುಡದ ಬಣ್ಣ ಉದುರುತ್ತದೆ. ಮೈಸೂರಿನ ಕೆಂಪು ಮಣ್ಣಿನ ಬಡಾವಣೆಗಳಲ್ಲಿ ಈ ಕಾಟ ಕಡಿಮೆ. ಆದರೆ ಅಲ್ಲೂ ಹಳೆಯ ತಗ್ಗು ಮುಚ್ಚಿ ಮಾಡಿದ ಸೈಟಾದರೆ ನೆಲ ಕುಸಿಯುವ ಭಯವಿದೆ. ಎರೆಮಣ್ಣಿನ ಜಾಗವಾದರೆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಅದನ್ನು ತೆಗೆದು ಗರಸು ತುಂಬದೆ ಬೇರೆ ದಾರಿಯಿಲ್ಲ.

ಹಳೆಯ ಮನೆಗೆ ಹೊಸ ನೆಲ ಹಾಕಿಸುವವರು ಹೀಗೆ ಪರೀಕ್ಷಿಸಿ. 2 ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕು ಅಂಚಿಗೂ ಟೇಪ್ ಅಂಟಿಸಿ ಒಂದು ದಿನ ಬಿಡಿ. ಎತ್ತಿ ನೋಡಿದಾಗ ಹಾಳೆಯ ಅಡಿಯಲ್ಲಿ ಬೆವರಿನಂತೆ ಹನಿ ಕೂತಿದ್ದರೆ, ಅಥವಾ ಆ ಜಾಗದ ಗಾರೆ ಕಪ್ಪಾಗಿದ್ದರೆ, ತೇವ ಅಡಿಯಿಂದಲೇ ಬರುತ್ತಿದೆ. ಅದರ ಮೇಲೆ ನೇರವಾಗಿ ಟೈಲ್ಸ್ ಮುಚ್ಚಿದರೆ ತೇವ ನಿಲ್ಲುವುದಿಲ್ಲ, ದಾರಿ ಬದಲಿಸಿ ಗೋಡೆ ಹತ್ತುತ್ತದೆ. ಹಳೆ ನೆಲ ಅಗೆದು ತಳ ಸರಿಪಡಿಸುವ ಖರ್ಚು ಹೆಚ್ಚು ಅನ್ನಿಸಬಹುದು. ಎರಡು ವರ್ಷ ಬಿಟ್ಟು ಟೈಲ್ಸ್ ಸಮೇತ ಅಗೆಯುವುದು ಅದಕ್ಕಿಂತ ದುಬಾರಿ.

ತಳ ಹೀಗಿರಲಿ. ಮಣ್ಣನ್ನು ಒಂದೇ ಸಲಕ್ಕೆ ಸುರಿಯದೆ 6 ಇಂಚಿನ ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀರು ಹಾಕಿ ದಿಮ್ಮಸು ಹೊಡೆಸಬೇಕು. ಮೇಲೆ 2 ಇಂಚು ಮರಳು, ಅದರ ಮೇಲೆ 250 ಮೈಕ್ರಾನ್ ಪಾಲಿಥೀನ್ ಹಾಳೆ. ಹಾಳೆಯ ಜೋಡಣೆಯಲ್ಲಿ ಒಂದರ ಮೇಲೊಂದು ಕನಿಷ್ಠ 6 ಇಂಚು ಬರಲಿ, ಅಂಚು ಗೋಡೆಯತ್ತ ಸ್ವಲ್ಪ ಮೇಲೆದ್ದಿರಲಿ. ಆಮೇಲೆ 4 ಇಂಚು ದಪ್ಪದ ಬೆಡ್ ಕಾಂಕ್ರೀಟ್, 1:4:8 ಅಳತೆಯಲ್ಲಿ: ಒಂದು ಸಿಮೆಂಟ್, ನಾಲ್ಕು ಮರಳು, ಎಂಟು ಜಲ್ಲಿ. ಒಂದು ವಾರ ನೀರುಣ್ಣಿಸಿ. ಹಾಳೆ ಹಾಸುವ ಖರ್ಚು ಇಡೀ ನೆಲದ ಖರ್ಚಿನಲ್ಲಿ ಗಣನೆಗೆ ಬರುವಷ್ಟಿಲ್ಲ. ಆದರೂ ಬಹಳಷ್ಟು ಮನೆಗಳಲ್ಲಿ ಬಿಟ್ಟುಹೋಗುವುದು ಇದೇ.

ಯಾವ ಕೋಣೆಗೆ ಯಾವ ನೆಲ

ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಅದರ ತೂಕದ ಅರ್ಧ ಶೇಕಡಕ್ಕಿಂತ ಕಡಿಮೆ. ಹಾಗಾಗಿ ಹಜಾರ, ಮಲಗುವ ಕೋಣೆ, ಅಡುಗೆಮನೆ ಎಲ್ಲಕ್ಕೂ ನಡೆಯುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ‘ಡಬಲ್ ಚಾರ್ಜ್’ ಎಂಬುದರಲ್ಲಿ ಬಣ್ಣದ ಪದರ 3–4 ಮಿಲಿಮೀಟರ್ ದಪ್ಪವಿರುತ್ತದೆ. ಜನ ಓಡಾಡುವ ಹಜಾರಕ್ಕೆ ಅದೇ ಒಳ್ಳೆಯದು. ‘ಜಿವಿಟಿ’ (ಗ್ಲೇಜ್ಡ್ ವಿಟ್ರಿಫೈಡ್ ಟೈಲ್ಸ್) ಎಂದು ಮಾರುವುದರಲ್ಲಿ ಚಿತ್ತಾರ ಮೇಲ್ಮೈಯ ತೆಳು ಪದರದಲ್ಲಿ ಅಚ್ಚಾಗಿರುತ್ತದೆ. ನೋಡಲು ಚೆಂದ, ಆದರೆ ಕುರ್ಚಿ ಎಳೆದಾಡಿ ಗೀರು ಬಿದ್ದರೆ ಅಡಿಯ ಬೇರೆ ಬಣ್ಣ ಕಾಣುತ್ತದೆ. ಅಂಗಡಿಯಲ್ಲಿ ಎರಡು ಟೈಲ್ಸ್‌ಗಳನ್ನು ಮುಖಕ್ಕೆ ಮುಖ ಜೋಡಿಸಿ ಅಂಚು ನೋಡಿ. ನಡುವೆ ಬೆಳಕು ಕಂಡರೆ ಬಾಗಿದೆ ಎಂದರ್ಥ, ಅಂಥದ್ದನ್ನು ಮೇಸ್ತ್ರಿ ಎಷ್ಟೇ ಜಾಣನಾದರೂ ಮಟ್ಟಕ್ಕೆ ತರಲಾರ. ಬಿಳಿ ಟೈಲ್ಸ್ ಆದರೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಕಲೆ ಉಳಿದರೆ ಅರಿಸಿನ, ಕುಂಕುಮವೂ ಉಳಿಯುತ್ತದೆ.

ಬಚ್ಚಲು, ಪೋರ್ಟಿಕೊ, ಜಗಲಿಗೆ ಹೊಳಪಿನದು ಬೇಡವೇ ಬೇಡ. ಅಂಗಡಿಯವರಿಂದ ಒಂದು ಲೋಟ ನೀರು ಕೇಳಿ, ಟೈಲ್ಸ್ ಮೇಲೆ ಸುರಿದು ಬರಿಗಾಲಿನ ಹಿಮ್ಮಡಿಯಿಂದ ಉಜ್ಜಿ ನೋಡಿ. ವಯಸ್ಸಾದವರಿರುವ ಮನೆಯಲ್ಲಿ ಈ ಒಂದು ಪರೀಕ್ಷೆ ಬಣ್ಣ ಆರಿಸುವುದಕ್ಕಿಂತ ಮುಖ್ಯ.

ಗ್ರಾನೈಟ್ ನಮ್ಮ ಭಾಗದ ಕಲ್ಲು. ಚಾಮರಾಜನಗರದ ಕಪ್ಪು ಕಲ್ಲಿಗೆ ಹೊರದೇಶಗಳಲ್ಲೂ ಹೆಸರಿದೆ. ನೆಲಕ್ಕೆ 16ರಿಂದ 18 ಮಿಲಿಮೀಟರ್ ದಪ್ಪ ಸಾಕು. ಅಡುಗೆಮನೆ, ಮೆಟ್ಟಿಲು, ಹೊಸ್ತಿಲಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ಕಪ್ಪು ನೆಲದ ಮೇಲೆ ಧೂಳು, ಗಡಸು ನೀರಿನ ಬಿಳಿ ಗೆರೆ ಎದ್ದು ಕಾಣುತ್ತವೆ. ಬೋರ್‌ವೆಲ್ ನೀರಿನ ಮನೆಗೆ ಬೂದು ಅಥವಾ ಚುಕ್ಕೆ ಕಲ್ಲು ಮೇಲು. ಬಣ್ಣ ಹಚ್ಚಿ ಕಪ್ಪಾಗಿಸಿದ ಕಲ್ಲೂ ಮಾರಾಟವಾಗುತ್ತದೆ. ಬಿಳಿ ಬಟ್ಟೆಗೆ ಉಗುರುಬಣ್ಣ ತೆಗೆಯುವ ದ್ರವ ಹಾಕಿ ಕಲ್ಲನ್ನು ಜೋರಾಗಿ ಉಜ್ಜಿ. ಬಟ್ಟೆ ಕಪ್ಪಾದರೆ ಬಿಟ್ಟು ಬನ್ನಿ. ಆರಿಸಿದ ಹಲಗೆಗಳು ಒಂದೇ ಬಂಡೆಯವಾಗಿರಲಿ, ಹಿಂಬದಿಗೆ ಸಂಖ್ಯೆ ಬರೆಸಿ.

ಕಡಪ, ಶಹಾಬಾದ್ ಕಲ್ಲುಗಳು ಅಗ್ಗ, ಕಾಲಿಗೆ ತಂಪು. ಇವು ಸುಣ್ಣಕಲ್ಲಿನ ಜಾತಿ ಎಂಬುದನ್ನು ಮರೆಯಬಾರದು. ಹುಣಸೆ ರಸ, ನಿಂಬೆ, ಮಜ್ಜಿಗೆ, ಆಸಿಡ್ ಯಾವುದು ಬಿದ್ದರೂ ಮೇಲ್ಮೈ ತಿಂದು ಮಂಕಾಗುತ್ತದೆ. ಅಮೃತಶಿಲೆಯದೂ ಇದೇ ಕಥೆ. ಅಂಗಡಿಯವರು ಗ್ರಾನೈಟ್ ಎಂದು ಏನನ್ನೇ ತೋರಿಸಿದರೂ ಒಂದು ಹನಿ ನಿಂಬೆರಸ ಹಾಕಿ ಹತ್ತು ನಿಮಿಷ ಕಾಯಿರಿ. ಮಂಕು ಕಲೆ ಬಿದ್ದರೆ ಅದು ಗ್ರಾನೈಟ್ ಅಲ್ಲ.

ರೆಡ್ ಆಕ್ಸೈಡ್ ನೆಲ

ಮೈಸೂರಿನ ಹಳೆಯ ಅಗ್ರಹಾರಗಳ, ಚಾಮರಾಜಪುರಂ, ಲಕ್ಷ್ಮೀಪುರಂ ಕಡೆಯ ಹಳೆಯ ಮನೆಗಳಲ್ಲಿ ಕನ್ನಡಿಯಂತೆ ಹೊಳೆಯುವ ಕೆಂಪು ನೆಲ ಕಂಡವರು ಅದೇ ಬೇಕು ಎನ್ನುತ್ತಾರೆ. ಆಸೆ ಸರಿಯಾದದ್ದೇ. ಜಾಯಿಂಟಿಲ್ಲ, ಬೇಸಿಗೆಯಲ್ಲಿ ತಂಪು, ಬಳಸಿದಷ್ಟೂ ಹೊಳಪು. ಆದರೆ ಇದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಕೈಕೆಲಸ. ಈ ಕೆಲಸದಲ್ಲಿ ಪಳಗಿದ ಮೇಸ್ತ್ರಿ ಸಿಗದಿದ್ದರೆ ಬೇರೆ ನೆಲ ಹಾಕಿಸುವುದೇ ಕ್ಷೇಮ. ಸಿಕ್ಕರೆ, ಅವರು ನೆಲ ಹಾಕಿರುವ ಎರಡು ಮನೆಯನ್ನಾದರೂ ನೋಡಿ ಬನ್ನಿ.

ಹಿಂದಿನ ರಾತ್ರಿಯೇ ಬೆಡ್ ಕಾಂಕ್ರೀಟಿಗೆ ನೀರು ಕುಡಿಸಿ. ಮೇಲೆ ಜರಡಿ ಹಿಡಿದ ಮರಳಿನ 1:3 ಗಾರೆ (ಒಂದು ಸಿಮೆಂಟ್, ಮೂರು ಮರಳು), ಒಂದು ಇಂಚು ದಪ್ಪ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಗಾರೆ ಬೆರಳಿಗೆ ಅಂಟಬಾರದು. ಆ ಹದದಲ್ಲಿ ಬಣ್ಣದ ಪದರ ಹಾಕಬೇಕು. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಆಕ್ಸೈಡ್ ಪುಡಿ, ಒಣಗಿರುವಾಗಲೇ ಬೆರೆಸಿ ಎರಡು ಮೂರು ಸಲ ಜರಡಿ ಹಿಡಿದು, ದೋಸೆ ಹಿಟ್ಟಿನ ಹದಕ್ಕೆ ಕಲಸಿ 3–4 ಮಿಲಿಮೀಟರ್ ಹರಡುತ್ತಾರೆ. ಬಣ್ಣ ಗಾಢವಾಗಲಿ ಎಂದು ಆಕ್ಸೈಡ್ ಹೆಚ್ಚಿಸಿದರೆ ನೆಲ ಬಲ ಕಳೆದುಕೊಂಡು ಕಾಲಿಗೆ ಕೆಂಪು ಪುಡಿ ಅಂಟುತ್ತದೆ. ಒಂದು ಕೋಣೆಗೆ ಬೇಕಾದಷ್ಟೂ ಒಣ ಪುಡಿಯನ್ನು ಒಟ್ಟಿಗೇ ಬೆರೆಸಿಡಿ. ಎರಡು ಸಲ ಬೆರೆಸಿದರೆ ಎರಡು ಬಣ್ಣ ಖಂಡಿತ. ಆಮೇಲೆ ಉಕ್ಕಿನ ಕರಣೆಯಿಂದ ಒತ್ತಿ ತಿಕ್ಕುವ ಕೆಲಸ. ಗಾರೆ ಬಿಗಿಯುತ್ತಾ ಹೋದಂತೆ ಎರಡು ಮೂರು ಸುತ್ತು. ಹೊಳಪು ಹುಟ್ಟುವುದು ಇಲ್ಲಿ. ಮೇಲ್ಮೈ ಒದ್ದೆಯಾಯಿತೆಂದು ಒಣ ಸಿಮೆಂಟ್ ಉದುರಿಸಲು ಬಿಡಬೇಡಿ, ಒಂದೇ ತಿಂಗಳಲ್ಲಿ ಜೇಡರ ಬಲೆಯಂಥ ಬಿರುಕು ಬರುತ್ತದೆ.

ಕೋಣೆ ದೊಡ್ಡದಾದರೆ 6 ಅಡಿ ಮೀರದ ಚೌಕಗಳಾಗಿ ಗಾಜಿನ ಪಟ್ಟಿಯಿಂದ ಭಾಗ ಮಾಡಿ. ಸಿಮೆಂಟ್ ಒಣಗುವಾಗ ಕುಗ್ಗುತ್ತದೆ. ಕುಗ್ಗಲು ಗೆರೆ ಕೊಡದಿದ್ದರೆ ಅದೇ ತನ್ನ ಗೆರೆ ಎಳೆದುಕೊಳ್ಳುತ್ತದೆ. ಮರುದಿನದಿಂದ ಹತ್ತು ದಿನ ನೆಲ ಒದ್ದೆಯಾಗಿರಲಿ, ಯಾರೂ ಓಡಾಡದಿರಲಿ. ಬಣ್ಣದ ಅಚ್ಚಿರುವ ಚೀಲ, ಹುಲ್ಲು ಹೊದಿಸಬೇಡಿ, ಅವುಗಳ ಕಲೆ ನೆಲಕ್ಕಿಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮೇಣದ ಪಾಲಿಶ್ ತೆಳುವಾಗಿ ಹಚ್ಚಿ ಬಟ್ಟೆಯಿಂದ ತಿಕ್ಕಿ. ಮುಂದೆ ವರ್ಷಕ್ಕೆರಡು ಸಲ ಸಾಕು. ತೆಂಗಿನೆಣ್ಣೆ ಒರೆಸುವ ರೂಢಿಯಿದೆ: ಒಣ ಬಟ್ಟೆಗೆ ನಾಲ್ಕಾರು ಹನಿ ಮಾತ್ರ. ಹೆಚ್ಚಾದರೆ ಧೂಳು ಅಂಟಿ ನೆಲ ಕಪ್ಪಾಗುತ್ತದೆ, ಕಾಲೂ ಜಾರುತ್ತದೆ.

ಎಷ್ಟು ಬೇಕು

10 ಅಡಿಗೆ 12 ಅಡಿಯ ಕೋಣೆ 120 ಚದರಡಿ. ಸುತ್ತಳತೆ 44 ಅಡಿ, ಬಾಗಿಲಿನ 3 ಅಡಿ ಕಳೆದರೆ 41. ಗೋಡೆಯ ಬುಡಕ್ಕೆ ಕೂರಿಸುವ 4 ಇಂಚಿನ ಪಟ್ಟಿಗೆ, ಅಂದರೆ ಸ್ಕರ್ಟಿಂಗಿಗೆ, ಇನ್ನೂ 14 ಚದರಡಿ. ಒಟ್ಟು 134, ಕತ್ತರಿಸುವಾಗ ಪೋಲಾಗುವುದಕ್ಕೆ ನೂರಕ್ಕೆ ಏಳು ಸೇರಿಸಿದರೆ ಸುಮಾರು 144. 2 ಅಡಿ (ಸರಿಯಾಗಿ ಹೇಳುವುದಾದರೆ 60 ಸೆಂಟಿಮೀಟರ್) ಚೌಕದ ನಾಲ್ಕು ಟೈಲ್ಸ್‌ಗಳ ಪೆಟ್ಟಿಗೆ 15.5 ಚದರಡಿ, ಅಂದರೆ 10 ಪೆಟ್ಟಿಗೆ. ಓರೆಯಾಗಿ ಕೂರಿಸುವುದಾದರೆ ಪೋಲು ನೂರಕ್ಕೆ ಹದಿನೈದು ಹಿಡಿಯಿರಿ. ಎಲ್ಲ ಪೆಟ್ಟಿಗೆಯ ಮೇಲೂ ಶೇಡ್ ಮತ್ತು ಬ್ಯಾಚ್ ಸಂಖ್ಯೆ ಒಂದೇ ಇದೆಯೇ ಎಂದು ಲಾರಿಯಿಂದ ಇಳಿಸುವಾಗಲೇ ನೋಡಿ; ಕೂರಿಸಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕೂರಿಸುವ ದಿನ ಎದುರಿಗಿರಿ

ವಿಟ್ರಿಫೈಡ್ ಟೈಲ್ಸ್ ನೀರು ಹೀರದ ಕಾರಣ ಬರೀ ಸಿಮೆಂಟ್ ಹಾಲು ಅದರ ಬೆನ್ನಿಗೆ ಸರಿಯಾಗಿ ಕಚ್ಚುವುದಿಲ್ಲ. ವಿಟ್ರಿಫೈಡ್‌ಗೆಂದೇ ಬರುವ ಪಾಲಿಮರ್ ಬೆರೆತ ಅಂಟು ಬೇಕು. 20 ಕಿಲೋ ಚೀಲ 3 ಮಿಲಿಮೀಟರ್ ದಪ್ಪಕ್ಕೆ ಸುಮಾರು 50 ಚದರಡಿ ಬರುತ್ತದೆ. ಬೆನ್ನಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಸಿ. ಅಂಟನ್ನು ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿಗೆ ಗೆರೆ ಬರುವಂತೆ ಎಳೆಯಬೇಕು. 2 ಅಡಿಗೆ 4 ಅಡಿಯಂಥ ದೊಡ್ಡ ಟೈಲ್ಸ್ ಆದರೆ ಬೆನ್ನಿಗೂ ತೆಳುವಾಗಿ ಬಳಿಯಬೇಕು. ಐದು ಕಡೆ ಮುದ್ದೆ ಮುದ್ದೆಯಾಗಿ ಇಟ್ಟು ಒತ್ತುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ. ಮುದ್ದೆಗಳ ನಡುವೆ ಪೊಳ್ಳು ಉಳಿದು, ಮಂಚದ ಕಾಲೋ ಬೀರುವಿನ ಮೂಲೆಯೋ ಅಲ್ಲಿ ಕೂತ ದಿನ ಟೈಲ್ಸ್ ಬಿರಿಯುತ್ತದೆ. ಹತ್ತು ಹದಿನೈದು ಕೂರಿಸಿದ ಮೇಲೆ ಹಸಿಯಿರುವಾಗಲೇ ಒಂದನ್ನು ಎತ್ತಿಸಿ ನೋಡಿ, ಬೆನ್ನು ಪೂರ್ತಿ ಅಂಟು ಮೆತ್ತಿರಬೇಕು.

ಗ್ರಾನೈಟಿಗೆ 1:6 ಗಾರೆಯ ಹಾಸು, ಒಂದೂವರೆಯಿಂದ 2 ಇಂಚು, ಮೇಲೆ ಗಟ್ಟಿ ಸಿಮೆಂಟ್ ಹಾಲು. ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಡಿಸಿ.

ಜಾಯಿಂಟ್ ಕಾಣಬಾರದು ಎಂದು ಟೈಲ್ಸ್‌ಗಳನ್ನು ಒತ್ತಿ ಜೋಡಿಸಲು ಹೇಳುವವರು ಮನೆ ಯಜಮಾನರೇ. ಹಾಗೆ ಮಾಡಿದ ನೆಲ ಮಾರ್ಚ್–ಏಪ್ರಿಲ್ ಬಿಸಿಲಿಗೆ ಹಿಗ್ಗಿ, ಜಾಗವಿಲ್ಲದೆ ಒಂದು ದಿನ ‘ಡಬ್’ ಎಂದು ಗೋಪುರದಂತೆ ಎದ್ದು ಕೂರುತ್ತದೆ. ನಡುವೆ 2–3 ಮಿಲಿಮೀಟರ್ ಬಿಡಿ, ಗೋಡೆಯ ಬದಿ 5–6 ಮಿಲಿಮೀಟರ್ ಖಾಲಿ ಬಿಡಿ. ಅದನ್ನು ಸ್ಕರ್ಟಿಂಗ್ ಮುಚ್ಚುತ್ತದೆ. ಒಂದು ದಿನ ಕಳೆದ ಮೇಲೆ ಜಾಯಿಂಟ್ ತುಂಬುವ ಗ್ರೌಟ್. ಬಚ್ಚಲು, ಅಡುಗೆಮನೆಗೆ ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಹಾಕಿಸಿ, ಎಣ್ಣೆ ಕೊಳೆ ಹಿಡಿಯುವುದಿಲ್ಲ. ಬಚ್ಚಲಿನ ಇಳಿಜಾರು 5 ಅಡಿಗೆ 1 ಇಂಚು. ಗ್ರೌಟ್ ಹಾಕುವ ಮುಂಚೆ ಒಂದು ಬಕೆಟ್ ನೀರು ಸುರಿದು ಮೂಲೆಯಲ್ಲಿ ನಿಲ್ಲುತ್ತದೆಯೇ ನೋಡಿ.

ದಿನದ ಆರೈಕೆ

ಮೊದಲು ಒಣದಾಗಿ ಗುಡಿಸಿ, ಆಮೇಲೆ ಒರೆಸಿ. ಬಾಗಿಲ ಬಳಿಯ ರಂಗೋಲಿ ಪುಡಿ ಕಲ್ಲಿನ ಪುಡಿಯೇ. ಅದು ಒಳಗೆ ಬಂದು ಕಾಲಡಿಯಲ್ಲಿ ಉಪ್ಪುಕಾಗದದಂತೆ ಉಜ್ಜುತ್ತದೆ. ಹೊಸ್ತಿಲಿನ ಒಳಗೂ ಹೊರಗೂ ಒಂದೊಂದು ಕಾಲೊರಸು ಹಾಕಿ. ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಚಮಚ ಸಾಕು. ಸೋಪು ಪುಡಿ ಹೆಚ್ಚು ಹಾಕಿದಷ್ಟೂ ಪೊರೆ ಕಟ್ಟಿ ನೆಲ ಮಂಕಾಗುತ್ತದೆ, ಮಂಕಾಯಿತೆಂದು ಇನ್ನಷ್ಟು ಪುಡಿ ಹಾಕುತ್ತಾರೆ. ಅಂಥ ನೆಲವನ್ನು ಎರಡು ಮೂರು ದಿನ ಬರೀ ಬಿಸಿನೀರಿನಲ್ಲಿ ಒರೆಸಿದರೆ ಬಣ್ಣ ಮರಳುತ್ತದೆ. ಬೋರ್‌ವೆಲ್ ನೀರಾದರೆ ಕೊನೆಗೊಮ್ಮೆ ಒಣ ಬಟ್ಟೆ ಎಳೆಯಿರಿ. ಬಿಳಿ ಗೆರೆ ಉಳಿಯುವುದು ನೀರು ತಾನಾಗಿ ಆರಿದಾಗ.

ಆಸಿಡ್ ಯಾವ ನೆಲಕ್ಕೂ ಬೇಡ. ಟೈಲ್ಸಿಗೆ ಏನೂ ಆಗದಂತೆ ಕಂಡರೂ ಜಾಯಿಂಟಿನ ಸಿಮೆಂಟನ್ನು ತಿನ್ನುತ್ತದೆ, ಅಲ್ಲಿಂದ ಬಚ್ಚಲಿನ ನೀರು ಕೆಳಗಿನ ತಾರಸಿಗೆ ಇಳಿಯುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಒಟ್ಟಿಗೆ ಬಳಸಬೇಡಿ, ಹೊರಡುವ ಕ್ಲೋರಿನ್ ಗಾಳಿ ಶ್ವಾಸಕೋಶವನ್ನು ಸುಡುತ್ತದೆ.

ಗ್ರಾನೈಟಿನ ಮೇಲೆ ದೀಪದೆಣ್ಣೆ ಇಳಿದಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಕಲೆಯ ಮೇಲೆ ಬಳಿದು, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟು ತೆಗೆಯಿರಿ. ಹಳೆ ಕಲೆಗೆ ಮೂರು ನಾಲ್ಕು ಸಲ ಬೇಕಾದೀತು. ಅರಿಸಿನ ಬಿದ್ದ ಕೂಡಲೇ ಸೋಪು ಹಾಕಬೇಡಿ, ಕ್ಷಾರ ತಗುಲಿ ಕೆಂಪಾಗುತ್ತದೆ. ಬಿದ್ದ ಒಣಪುಡಿಯನ್ನು ಗುಡಿಸಿ ತೆಗೆದು, ಬರೀ ನೀರಿನಲ್ಲಿ ಒರೆಸಿ. ಬಿಸಿಲು ಬೀಳುವ ಜಾಗವಾದರೆ ಉಳಿದ ಹಳದಿ ಕೆಲವೇ ದಿನಗಳಲ್ಲಿ ಮಾಸುತ್ತದೆ. ಗ್ಯಾಸ್ ಸಿಲಿಂಡರಿನ ತುಕ್ಕಿನ ಬಳೆ ಒಮ್ಮೆ ಕೂತರೆ ಬಿಡುವುದು ಕಷ್ಟ, ಮೊದಲೇ ಚಕ್ರದ ಸ್ಟ್ಯಾಂಡ್ ತನ್ನಿ. ದಸರಾ ಬೊಂಬೆಯ ಮೆಟ್ಟಿಲು ಜೋಡಿಸುವಾಗ ಎಳೆಯದೆ ಎತ್ತಿಡಿ, ಅಡಿಗೆ ಗೋಣಿಚೀಲ ಹಾಸಿ.

ಪೊಳ್ಳು ಟೈಲ್ಸ್ ಹುಡುಕಲು ನಾಣ್ಯದಿಂದ ತಟ್ಟುತ್ತಾ ಹೋಗಿ. ಶಬ್ದ ಪೊಳ್ಳಾದರೂ ಅಲುಗದೆ, ಎದ್ದಿರದೆ ಇದ್ದರೆ ಹಾಗೇ ಬಿಡಬಹುದು. ಎದ್ದಿದ್ದರೆ ಸುತ್ತಲಿನ ಜಾಯಿಂಟನ್ನು ಮೊದಲು ಕೊಯ್ದು, ಆಮೇಲೆ ನಡುವಿನಿಂದ ಒಡೆದು ತೆಗೆಯಬೇಕು. ಅಂಚಿನಿಂದ ಒಡೆದರೆ ಪಕ್ಕದ್ದೂ ಚೂರಾಗುತ್ತದೆ. ಹಳೆ ಗಾರೆಯನ್ನು ಹೊಸ ಅಂಟಿನ ದಪ್ಪದಷ್ಟು ಕೆತ್ತಿ, ಧೂಳು ತೆಗೆದು, ಹೊಸದು ಕೂರಿಸಿ ಒಂದು ದಿನ ಕಾಲಿಡಬೇಡಿ. ಇದಕ್ಕೆಂದೇ ಅದೇ ಬ್ಯಾಚಿನ ಒಂದು ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟಿರಬೇಕು. ನಾಲ್ಕೈದು ವರ್ಷ ಕಳೆದ ಮೇಲೆ ಆ ಶೇಡ್ ಅಂಗಡಿಯಲ್ಲಿ ಸಿಗುವುದು ಅಪರೂಪ.