ಫ್ಲಾರಿಡಾದಲ್ಲಿ ಅಂಗಳ, ಹಿತ್ತಲು: ಉತ್ತರ ಕನ್ನಡದಿಂದ ಹೋದವರಿಗೆ

ಶಿರಸಿ, ಕುಮಟಾ, ಕಾರವಾರ ಕಡೆಯವರಿಗೆ ಫ್ಲಾರಿಡಾ ಮೊದಲ ನೋಟಕ್ಕೆ ಹೊರದೇಶ ಅನಿಸುವುದೇ ಇಲ್ಲ. ಜೂನ್ ಬಂತೆಂದರೆ ಮಳೆ ಹಿಡಿಯುತ್ತದೆ. ಸೆಪ್ಟೆಂಬರ್ ಕೊನೆಯ ತನಕ ಮಧ್ಯಾಹ್ನವಾದರೆ ಗುಡುಗು. ಸೆಕೆಯೂ ನಮ್ಮದೇ, ಸೊಳ್ಳೆಯೂ ನಮ್ಮದೇ. ದಾಸವಾಳ, ಬಾಳೆ, ಬಸಳೆ ಎಲ್ಲ ಬರುತ್ತವೆ. ಹಾಗಾಗಿ ಅಲ್ಲಿ ಮನೆ ತೆಗೆದುಕೊಂಡ ನಮ್ಮವರು ‘ಅಂಗಳದ ಕೆಲಸ ನಮಗ್ಯಾರು ಹೇಳಿಕೊಡಬೇಕು’ ಎಂದು ಧೈರ್ಯವಾಗಿ ಇಳಿಯುತ್ತಾರೆ. ಸ್ವಲ್ಪ ದಿನದಲ್ಲೇ ‘ನಿಯಮ ಮೀರಿದ್ದೀರಿ’ ಎಂದು ಬಡಾವಣೆಯ ಸಂಘದಿಂದ ಪತ್ರ ಬರುತ್ತದೆ, ಜೊತೆಗೆ ತಮ್ಮದೇ ಅಂಗಳದ ಫೋಟೋ.

ಆರ್ಲ್ಯಾಂಡೊ ಕಡೆ ವರ್ಷಗಟ್ಟಲೆ ಮನೆ ನಡೆಸಿ ಈಗ ಶಿರಸಿಯಲ್ಲಿದ್ದೇನೆ. ಇಲ್ಲಿಂದ ಕೆಲಸಕ್ಕೆ ಹೊರಟ ಹುಡುಗರಿಗೂ, ಮಗಳ ಮನೆಗೆ ಅಂತ ಆರು ತಿಂಗಳಿಗೆ ಹೊರಟ ಅಪ್ಪ ಅಮ್ಮಂದಿರಿಗೂ ನಾನು ಹೇಳುವುದು ಒಂದೇ. ಮುಂದಿನ ಅಂಗಳ ಬೀದಿಯ ಲೆಕ್ಕಕ್ಕೆ, ಹಿತ್ತಲು ನಿಮ್ಮ ಲೆಕ್ಕಕ್ಕೆ. ಮುಂದೆ ನಿಯಮ ಪಾಲಿಸಿ, ಕೈಗುಣವನ್ನೆಲ್ಲ ಹಿಂದೆ ತೋರಿಸಿ.

ಮೊದಲು ಮಣ್ಣು. ಫ್ಲಾರಿಡಾದ ಹೆಚ್ಚಿನ ಕಡೆ ಮರಳು. ಶಿರಸಿಯ ಕೆಂಪು ಮಣ್ಣಿನ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಕಾರವಾರ, ಅಂಕೋಲಾದ ಕಡಲಂಚಿನಲ್ಲಿ ಗಿಡ ಬೆಳೆಸಿದವರಿಗೆ ಬೇಗ ಅರ್ಥವಾಗುತ್ತದೆ. ಹಾಕಿದ ನೀರು ಸರ್ರನೆ ಕೆಳಗಿಳಿಯುತ್ತದೆ, ಗೊಬ್ಬರವೂ ಅದರ ಹಿಂದೆಯೇ. ಮಳೆಯ ಪ್ರಮಾಣವೂ ಬೇರೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಸುರಿದರೆ ಆರ್ಲ್ಯಾಂಡೊದಲ್ಲಿ ಸುಮಾರು 1300. ಏಪ್ರಿಲ್, ಮೇ ತಿಂಗಳಲ್ಲಿ ಹುಲ್ಲು ನಿಜಕ್ಕೂ ಬಾಯಾರುತ್ತದೆ.

ಅಲ್ಲಿನ ಹೆಚ್ಚಿನ ಮನೆಗಳ ಮುಂದೆ ಇರುವುದು ಸೇಂಟ್ ಆಗಸ್ಟೀನ್ ಹುಲ್ಲು. ಅಗಲ ಎಲೆ, ನೆಲದ ಮೇಲೆ ಬಳ್ಳಿಯ ಹಾಗೆ ಹಬ್ಬುತ್ತದೆ. ಇದಕ್ಕೆ ಬೀಜ ಬಿತ್ತುವ ಪದ್ಧತಿ ಇಲ್ಲ. ಮಣ್ಣು ಸಮೇತ ಕತ್ತರಿಸಿದ ಹುಲ್ಲಿನ ಹಾಸನ್ನೇ ತಂದು ಹೊಂದಿಸುತ್ತಾರೆ. ಕೆಲವು ಕಡೆ ಬರ್ಮುಡಾ ಹುಲ್ಲು ಕಾಣುತ್ತದೆ, ಅದು ನಾವು ಚೌತಿಗೆ ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ. ನಮ್ಮವರು ಹುಲ್ಲನ್ನು ನುಣ್ಣಗೆ ಬೋಳಿಸುತ್ತಾರೆ, ಅಂಗಳ ಚೊಕ್ಕ ಕಾಣಲಿ ಅಂತ. ಸೇಂಟ್ ಆಗಸ್ಟೀನ್‌ಗೆ ಅದೇ ಮುಳುವು. ಮೂರೂವರೆಯಿಂದ ನಾಲ್ಕು ಇಂಚು ಎತ್ತರ ಉಳಿಸಿ. ಗಿಡ್ಡ ತಳಿ ಇದ್ದರೆ ಎರಡರಿಂದ ಎರಡೂವರೆ ಇಂಚು ಸಾಕು. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಎತ್ತರದ ಹುಲ್ಲಿನ ಬೇರು ಆಳಕ್ಕೆ ಹೋಗುತ್ತದೆ, ಕಳೆಯನ್ನೂ ನೆರಳಲ್ಲಿ ಅಡಗಿಸುತ್ತದೆ. ಕತ್ತರಿಸಿದ ಚೂರು ಅಲ್ಲೇ ಬೀಳಲಿ, ಕೊಳೆತು ಅದೇ ಗೊಬ್ಬರ. ರಸ್ತೆಗೆ ಬಿದ್ದದ್ದನ್ನು ಮಾತ್ರ ಮತ್ತೆ ಹುಲ್ಲಿಗೇ ಗುಡಿಸಿ. ಚರಂಡಿಗೆ ತಳ್ಳುವುದು ಬಹಳ ಕಡೆ ನಿಯಮಕ್ಕೆ ವಿರುದ್ಧ.

ಓಕ್ ಮರಗಳು ಸುಮಾರು ಮಾರ್ಚ್‌ನಲ್ಲಿ ಎಲೆ ಉದುರಿಸುತ್ತವೆ. ಅಕ್ಕಪಕ್ಕದವರು ಅದನ್ನು ಚೀಲಕ್ಕೆ ತುಂಬಿ ಬೀದಿ ಬದಿಗೆ ಇಡುವುದನ್ನು ಕಂಡರೆ ನನಗೆ ಜೀವ ತಡೆಯುತ್ತಿರಲಿಲ್ಲ. ಬೆಟ್ಟಕ್ಕೆ ಹೋಗಿ ದರಕು ಗುಡಿಸಿ ತಂದು ತೋಟಕ್ಕೆ ಹಾಕುವ ಜನ ನಾವು. ಕೇಳಿ ಇಸಿದುಕೊಳ್ಳಿ, ಸಂತೋಷದಿಂದ ಕೊಡುತ್ತಾರೆ. ಗಿಡದ ಸುತ್ತ ಎರಡು ಮೂರು ಇಂಚು ಹರಡಿ. ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕಬೇಡಿ, ತೊಗಟೆ ಕೊಳೆಯುತ್ತದೆ.

ನೀರಿಗೆ ವಾರ ನಿಗದಿ ಇದೆ. ಸೇಂಟ್ ಜಾನ್ಸ್ ನದಿಯ ನೀರು ನಿರ್ವಹಣಾ ಜಿಲ್ಲೆಯಲ್ಲಿ (ಆರ್ಲ್ಯಾಂಡೊ ಕಡೆ ನೀರಿನ ನಿಯಮ ಮಾಡುವ ಸರ್ಕಾರಿ ಸಂಸ್ಥೆಯ ವ್ಯಾಪ್ತಿ) ಮನೆ ನಂಬರ್ ಬೆಸವಾದರೆ ಬುಧವಾರ ಮತ್ತು ಶನಿವಾರ, ಸಮವಾದರೆ ಗುರುವಾರ ಮತ್ತು ಭಾನುವಾರ. ಇದು ಮಾರ್ಚ್‌ನಿಂದ ನವೆಂಬರ್ ತನಕ ಗಡಿಯಾರ ಒಂದು ಗಂಟೆ ಮುಂದಿರುವ ಕಾಲಕ್ಕೆ. ಆಮೇಲೆ ವಾರಕ್ಕೆ ಒಂದೇ ದಿನ: ಬೆಸಕ್ಕೆ ಶನಿವಾರ, ಸಮಕ್ಕೆ ಭಾನುವಾರ. ಬೆಳಿಗ್ಗೆ 10ರಿಂದ ಸಂಜೆ 4ರ ತನಕ ಯಾವ ದಿನವೂ ಇಲ್ಲ. ಟ್ಯಾಂಪಾ ಕಡೆ ಬೇರೆ ಜಿಲ್ಲೆ, ಅಲ್ಲಿನ ವಾರ ನೋಡಿಕೊಳ್ಳಿ. ತನ್ನಿಂತಾನೇ ಚಿಮ್ಮುವ ಸ್ಪ್ರಿಂಕ್ಲರ್ ಇದ್ದರೆ ಮಳೆ ಬಂದಾಗ ಅದನ್ನು ನಿಲ್ಲಿಸುವ ಸೆನ್ಸರ್ ಇರಲೇಬೇಕು ಎಂದು ರಾಜ್ಯದ ಕಾನೂನೇ ಹೇಳುತ್ತದೆ. ಮನೆ ತೆಗೆದುಕೊಂಡ ಕೂಡಲೇ ಅದು ಕೆಲಸ ಮಾಡುತ್ತದಾ ನೋಡಿ. ಎಷ್ಟು ನೀರು ಬೀಳುತ್ತಿದೆ ಎಂದು ತಿಳಿಯಲು ಮೀನಿನ ಖಾಲಿ ಡಬ್ಬಿಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು ಅಳೆಯಿರಿ. ಒಂದು ಸಲಕ್ಕೆ ಮುಕ್ಕಾಲು ಇಂಚು ಸಾಕು. ಎಲೆ ಮಡಚಿಕೊಂಡು ಬೂದು ಬಣ್ಣಕ್ಕೆ ತಿರುಗಿದರೆ, ನಡೆದ ಹೆಜ್ಜೆ ಗುರುತು ಹಾಗೇ ಉಳಿದರೆ ಮಾತ್ರ ನೀರು ಕೊಡಿ. ವಾರ ಬಂತು ಅಂತ ಸುಮ್ನೆ ಬಿಡುವುದು ಬೇಡ. ಮಳೆಗಾಲದಲ್ಲಿ ಯಂತ್ರವನ್ನು ಬಂದ್ ಮಾಡಿಬಿಡಿ.

ಇನ್ನು ಗೊಬ್ಬರ. ನಮ್ಮವರಿಗೆ ತೀರಾ ವಿಚಿತ್ರ ಅನಿಸುವುದು ಇದೇ. ಅಡಿಕೆ ತೋಟಕ್ಕೆ ಮುಂಗಾರಿನ ಹೊತ್ತಿಗೆ ಒಂದು ಕಂತು ಕೊಡುವುದು ನಮ್ಮ ವಾಡಿಕೆ. ಫ್ಲಾರಿಡಾದ ಹಲವು ಕೌಂಟಿಗಳಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಜೂನ್ 1ರಿಂದ ಸೆಪ್ಟೆಂಬರ್ 30ರ ತನಕ ಹುಲ್ಲಿಗೆ ಸಾರಜನಕ, ರಂಜಕ ಹಾಕುವುದೇ ನಿಷೇಧ. ಪಿನೆಲಸ್ ಕೌಂಟಿಯಲ್ಲಂತೂ ಆ ನಾಲ್ಕು ತಿಂಗಳು ಅಂಗಡಿಯಲ್ಲಿ ಅದನ್ನು ಮಾರುವಂತೆಯೂ ಇಲ್ಲ. ಕಾರಣ ಮರಳು ಮತ್ತು ಮಳೆ. ಹಾಕಿದ್ದು ಒಂದೇ ಮಳೆಗೆ ಕೊಳಕ್ಕೆ, ಹಿನ್ನೀರಿಗೆ, ಕೊನೆಗೆ ಸಮುದ್ರಕ್ಕೆ. ಅಲ್ಲಿ ಪಾಚಿ ಉಕ್ಕುತ್ತದೆ, ಬಿಸಿಲು ಕೆಳಗಿಳಿಯದೆ ನೀರೊಳಗಿನ ಹುಲ್ಲು ಸಾಯುತ್ತದೆ. ಇಂಡಿಯನ್ ರಿವರ್ ಲಗೂನ್ ಎಂಬ ಉದ್ದದ ಹಿನ್ನೀರಿನಲ್ಲಿ ಹೀಗೇ ಆಯಿತು. ಆ ಹುಲ್ಲನ್ನೇ ತಿಂದು ಬದುಕುವ ಮ್ಯಾನಟಿ ಎಂಬ ಬಡಪಾಯಿ ಪ್ರಾಣಿಗಳು ಹೊಟ್ಟೆಗಿಲ್ಲದೆ ಸತ್ತವು. 2021ರಲ್ಲಿ ಫ್ಲಾರಿಡಾದಲ್ಲಿ ಸತ್ತ ಮ್ಯಾನಟಿಗಳ ಲೆಕ್ಕ ಸುಮಾರು 1100. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವವರನ್ನು ಕಂಡ ನಮಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ, ಅಲ್ವಾ? ನಿಮ್ಮ ಕೌಂಟಿಯಲ್ಲಿ ನಿಷೇಧ ಇಲ್ಲದಿದ್ದರೂ ಮಳೆಗಾಲದಲ್ಲಿ ಗೊಬ್ಬರದ ಚೀಲ ಮುಟ್ಟಬೇಡಿ.

ಹಾಗಾದರೆ ಯಾವಾಗ? ಮಧ್ಯ ಫ್ಲಾರಿಡಾದಲ್ಲಿ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್ ಮೊದಲಲ್ಲಿ ಒಮ್ಮೆ. ಚೀಲದ ಮೇಲಿನ ಮೂರು ಅಂಕಿಗಳಲ್ಲಿ ನಡುವಿನದು, ಅಂದರೆ ರಂಜಕ, ಸೊನ್ನೆ ಇರಲಿ, 16-0-8 ಎಂಬ ಹಾಗೆ. ನಿಧಾನವಾಗಿ ಕರಗುವ ಸಾರಜನಕ ಅರ್ಧಕ್ಕಿಂತ ಕಡಿಮೆ ಇರಬಾರದು. ಅನುಮಾನ ಇದ್ದರೆ ಫ್ಲಾರಿಡಾ ವಿಶ್ವವಿದ್ಯಾಲಯದ ವಿಸ್ತರಣಾ ಕಚೇರಿಗೆ ಹೋಗಿ, 67 ಕೌಂಟಿಗಳಲ್ಲೂ ಇದೆ. ಕಡಿಮೆ ದುಡ್ಡಿಗೆ ಮಣ್ಣು ಪರೀಕ್ಷೆ ಆಗುತ್ತದೆ. ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಹೋದಷ್ಟೇ ಸಲೀಸಾಗಿ ಹೋಗಬಹುದು. ಕೊಯ್ದ ಒಣ ಹುಲ್ಲಿನ ತುಂಡು ಹಿಡಿದುಕೊಂಡು ಹೋದರೂ ಕೂತು ನೋಡಿ ಹೇಳುತ್ತಾರೆ.

ಈಗ ಸಂಘದ ವಿಷಯ. ಹೊಸ ಬಡಾವಣೆಗಳಲ್ಲಿ ಮನೆ ಮಾಲೀಕರ ಸಂಘ ಹೆಚ್ಚಾಗಿ ಇರುತ್ತದೆ, ಎಲ್ಲರೂ ಎಚ್‌ಒಎ ಎನ್ನುತ್ತಾರೆ. ಮನೆಗೆ ಸಹಿ ಹಾಕುವ ಮೊದಲೇ ಅದರ ನಿಯಮದ ಪುಸ್ತಕ ತರಿಸಿ ಓದಿ. ಮುಂದೆ ಮರ ನೆಡಲು, ಬೇಲಿ ಹಾಕಲು, ಹುಲ್ಲು ತೆಗೆದು ಹೂವಿನ ಪಾತಿ ಮಾಡಲು ಅರ್ಜಿ ಕೊಟ್ಟು ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ‘ಆಯ್ತು, ಹಾಕಿ’ ಎಂದು ಪಕ್ಕದ ಮನೆಯವರು ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಬಾಡಿಗೆ ಮನೆಯಾದರೆ ಹುಲ್ಲು ಕತ್ತರಿಸುವುದು ಯಾರ ಜವಾಬ್ದಾರಿ ಎಂದು ಕರಾರುಪತ್ರದಲ್ಲಿ ನೋಡಿ.

ಪತ್ರ ಬಂದರೆ ಹೆದರಬೇಡಿ, ಹಾಗಂತ ಮೂಲೆಗೂ ಎಸೆಯಬೇಡಿ. ರಾಜ್ಯದ ಕಾನೂನಿನ ಪ್ರಕಾರ ದಂಡ ಸಾಮಾನ್ಯವಾಗಿ ದಿನಕ್ಕೆ 100 ಡಾಲರ್, ಒಟ್ಟು 1000 ಡಾಲರ್ ತನಕ ಹೋಗಬಹುದು. ಸಂಘದ ದಾಖಲೆಯಲ್ಲಿ ಬೇರೆ ಬರೆದಿದ್ದರೆ ಜಾಸ್ತಿಯೂ ಆಗಬಹುದು. ಆದರೆ ದಂಡಕ್ಕೆ ಮೊದಲು 14 ದಿನದ ನೋಟಿಸ್ ಕೊಟ್ಟು, ನಿಮ್ಮ ಮಾತು ಕೇಳಬೇಕು. ಕೇಳುವ ಸಮಿತಿಯಲ್ಲಿ ಆಡಳಿತ ಮಂಡಳಿಯವರಾಗಲಿ ಅವರ ಮನೆಯವರಾಗಲಿ ಇರುವಂತಿಲ್ಲ. ಸುಮ್ಮನಿರುವ ಸ್ವಭಾವ ನಮ್ಮದು, ಇಲ್ಲಿ ಅದು ಬೇಡ. ಹೋಗಿ ಮಾತಾಡಿ.

ಇನ್ನೂ ಎರಡು ಕಾನೂನು ನಿಮ್ಮ ಕಡೆಗಿವೆ. ಕಡಿಮೆ ನೀರು, ಕಡಿಮೆ ಗೊಬ್ಬರ ಬೇಡುವ ‘ಫ್ಲಾರಿಡಾ ಫ್ರೆಂಡ್ಲಿ’ ಪದ್ಧತಿಯ ಅಂಗಳವನ್ನು ಸಂಘ ನಿಷೇಧಿಸುವಂತಿಲ್ಲ, 2009ರಿಂದ. ಎರಡನೆಯದು ನನಗೆ ತುಂಬಾ ಇಷ್ಟವಾದದ್ದು. 2024ರ ತಿದ್ದುಪಡಿಯ ನಂತರ, ರಸ್ತೆಗೂ ಪಕ್ಕದ ಮನೆಗೂ ಕಾಣದ ಜಾಗದಲ್ಲಿ ತರಕಾರಿ ಬೆಳೆಯುವುದನ್ನು, ಬಟ್ಟೆ ಒಣಗಿಸುವ ಹಗ್ಗ ಕಟ್ಟುವುದನ್ನು ಸಂಘ ತಡೆಯುವಂತಿಲ್ಲ. ನಮ್ಮ ಅಮ್ಮಂದಿರಿಗೆ ಬೇಕಾದ್ದು ಇವೆರಡೇ ತಾನೇ?

ಆ ಹಿತ್ತಲಲ್ಲಿ ಬೇಸಿಗೆ ಮಳೆಗೆ ಬಸಳೆ, ಬೆಂಡೆ, ಅಲಸಂದೆ, ಗೆಣಸು ಸೊಗಸಾಗಿ ಬರುತ್ತವೆ. ಬಸಳೆಗೆ ಚಪ್ಪರ ಹಾಕಿದರೆ ಮುಗಿಯಿತು. ಟೊಮೆಟೊ, ಕೊತ್ತಂಬರಿ, ಪಾಲಕ್‌ಗೆ ಮಳೆಗಾಲ ಆಗುವುದಿಲ್ಲ, ತಂಪು ತಿಂಗಳಿಗೆ ಇಡಿ. ತರಕಾರಿ ಪಾತಿಗೆ ಬಹಳಷ್ಟು ಕೌಂಟಿಗಳಲ್ಲಿ ಗೊಬ್ಬರದ ನಿಷೇಧದಿಂದ ವಿನಾಯಿತಿಯೂ ಇದೆ.

ಮೂರು ಗಿಡಗಳ ಬಗ್ಗೆ ಎಚ್ಚರ. ಹುಲ್ಲಿನ ನಡುವೆ ಒಂದೆಲಗದಂಥ ದುಂಡನೆಯ ಎಲೆ ಕಂಡರೆ ತಂಬುಳಿಗೆ ಕೊಯ್ಯಬೇಡಿ. ಎಲೆ ತಿರುಗಿಸಿ ನೋಡಿ. ತೊಟ್ಟು ಎಲೆಯ ಸರಿ ನಡುವಿಗೆ, ಕೊಡೆಯ ಕೋಲಿನ ಹಾಗೆ ಕೂತಿದ್ದರೆ ಅದು ಡಾಲರ್‌ವೀಡ್ ಎಂಬ ಕಳೆ. ಒಂದೆಲಗದ ತೊಟ್ಟು ಸೀಳಿನ ಬುಡಕ್ಕೆ ಸೇರುತ್ತದೆ. ಡಾಲರ್‌ವೀಡ್ ಬಂತೆಂದರೆ ನೀವು ನೀರು ಜಾಸ್ತಿ ಬಿಡುತ್ತಿದ್ದೀರಿ ಎಂದರ್ಥ. ಹುಲ್ಲಿಗೆ ಕಳೆನಾಶಕ ಸಿಂಪಡಿಸಿರುವ ಸಾಧ್ಯತೆಯೂ ಇರುವುದರಿಂದ ಅಲ್ಲಿನ ಸೊಪ್ಪು ಬಾಯಿಗೆ ಬೇಡ. ಇನ್ನೆರಡು, ಪತ್ರೊಡೆಯ ಕೆಸು ಮತ್ತು ನೇರಳೆ. ಇವೆರಡೂ ಅಲ್ಲಿ ಕಾಡಿಗೆ ನುಗ್ಗಿ ಹಬ್ಬುವ ಸಸ್ಯಗಳ ಪಟ್ಟಿಯಲ್ಲಿವೆ. ಕೆಸು ಬೇಕೇ ಬೇಕಿದ್ದರೆ ಕುಂಡದಲ್ಲಿ ಬೆಳೆಸಿ, ಗೆಡ್ಡೆಯನ್ನು ಬಡಾವಣೆಯ ಕೊಳದ ಹತ್ತಿರ ಎಸೆಯಬೇಡಿ.

ಗುಂಡಿ ತೆಗೆಯುವ ಮೊದಲು 811ಕ್ಕೆ ಫೋನ್ ಮಾಡಿ, ನೆಲದೊಳಗಿನ ತಂತಿ, ಕೊಳವೆ ಎಲ್ಲಿವೆ ಎಂದು ಗುರುತು ಹಾಕಿಸಿಕೊಳ್ಳಲು. ಎರಡು ಪೂರ್ತಿ ಕೆಲಸದ ದಿನ ಮುಂಚೆ ಹೇಳಬೇಕು, ದುಡ್ಡಿಲ್ಲ. ಬಂದು ನೆಲದ ಮೇಲೆ ಬಣ್ಣ ಬಳಿದು ಬಾವುಟ ನೆಡುತ್ತಾರೆ. ಕೆಂಪು ವಿದ್ಯುತ್, ಹಳದಿ ಗ್ಯಾಸ್, ಕಿತ್ತಳೆ ಫೋನ್ ಮತ್ತು ಇಂಟರ್ನೆಟ್, ನೀಲಿ ಕುಡಿಯುವ ನೀರು, ಹಸಿರು ಒಳಚರಂಡಿ, ನೇರಳೆ ಬಣ್ಣ ಶುದ್ಧೀಕರಿಸಿ ಮರುಬಳಸುವ ನೀರು. ಗುದ್ದಲಿ ಕಂಡರೆ ಕೈ ಸುಮ್ಮನಿರದ ಅಪ್ಪಂದಿರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಒಣಗಿದ ಕೊಂಬೆಯನ್ನು ಮೇ ಒಳಗೆ ತೆಗೆಸಿ. ತಾಳೆ ಜಾತಿಯ ಮರಗಳ ಹಸಿರು ಗರಿಗಳನ್ನು ಬೋಳಿಸಿದರೆ ಗಾಳಿಗೆ ಒಳ್ಳೆಯದು ಎಂದು ಕೆಲಸದವರು ಹೇಳಿದರೆ ಒಪ್ಪಬೇಡಿ, ಮರ ಬಲ ಕಳೆದುಕೊಳ್ಳುತ್ತದೆ. ಒಣ ಗರಿ ಮಾತ್ರ ತೆಗೆದರೆ ಸಾಕು. ದುಡ್ಡು ಪಡೆದು ಗೊಬ್ಬರ ಹಾಕುವವರಿಗೆ, ಔಷಧ ಹೊಡೆಯುವವರಿಗೆ ರಾಜ್ಯದ ಪರವಾನಗಿ ಇರಬೇಕು, ಕೇಳಿ ನೋಡಿ.

ಡಿಸೆಂಬರ್‌ನಿಂದ ಫೆಬ್ರವರಿ ತನಕ ಹುಲ್ಲು ಮಂಕಾಗುತ್ತದೆ, ಅದು ಸಹಜ. ಗೊಬ್ಬರ ಹಾಕಿ ಎಬ್ಬಿಸಲು ಹೋಗಬೇಡಿ. ಮಧ್ಯ ಫ್ಲಾರಿಡಾದಲ್ಲಿ ಕೆಲವು ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಕುಂಡಗಳನ್ನು ಒಳಗಿಡಿ, ಬಾಳೆ, ಬಸಳೆಗೆ ಹಳೆ ಬೆಡ್‌ಶೀಟ್ ನೆಲ ಮುಟ್ಟುವ ಹಾಗೆ ಹೊದಿಸಿ. ಪ್ಲಾಸ್ಟಿಕ್ ಎಲೆಗೆ ತಾಗಬಾರದು.

ಊರಿಂದ ಹೊರಡುವವರು ಪೆಟ್ಟಿಗೆಯಲ್ಲಿ ಮಣ್ಣು, ಗಿಡ, ಹಸಿ ಕರಿಬೇವು ಇಡಬೇಡಿ. ಬಿತ್ತನೆ ಬೀಜಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಅಥವಾ ಅಲ್ಲಿನ ಪರ್ಮಿಟ್ ಬೇಕು. ಕರಿಬೇವಿನ ಮೇಲೆ ಕೂರುವ ಸಣ್ಣ ಕೀಟವೇ ಕಿತ್ತಳೆ ತೋಟಗಳಿಗೆ ಗ್ರೀನಿಂಗ್ ರೋಗ ಹರಡುವುದು. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಿತ್ತಳೆ ಬೆಳೆಗಾರರನ್ನು ನೆಲ ಕಚ್ಚಿಸಿದೆ. ಕೊಳೆರೋಗಕ್ಕೆ ಅಡಿಕೆ ಕಳೆದುಕೊಂಡವರಿಗೆ ಆ ಸಂಕಟ ಗೊತ್ತು. ಕರಿಬೇವಿನ ಗಿಡವನ್ನು ಅಲ್ಲಿನ ಲೈಸೆನ್ಸ್ ಇರುವ ನರ್ಸರಿಯಲ್ಲೇ ಕೊಳ್ಳಿ. ಬೇರೆ ರಾಜ್ಯಕ್ಕೆ ಮನೆ ಬದಲಾಯಿಸುವಾಗ ಅದನ್ನು ಕಾರಿನಲ್ಲಿ ಒಯ್ಯಬೇಡಿ, ಅಲ್ಲೇ ಯಾರಾದರೂ ಕನ್ನಡದವರ ಮನೆಗೆ ಕೊಟ್ಟು ಹೋಗಿ.