ಕ್ವೀನ್ ಕೇಳುವ ಸಂಜೆ: ಊರಿನ ಕ್ಲಬ್ಬಿನಲ್ಲಿ ನಡೆಸುವುದು ಹೇಗೆ?

ಕಾಸರಗೋಡಿನ ಯಾವ ಮೈದಾನದಲ್ಲಿ ಏಳೇಳು ಜನ ಆಡುವ ಸೆವೆನ್ಸ್ ಫುಟ್‌ಬಾಲ್ ನಡೆದರೂ ಕಪ್ ಎತ್ತುವ ಹೊತ್ತಿಗೆ ಹಾಕಬೇಕಾದ ಹಾಡು ಯಾವುದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ‘ವಿ ಆರ್ ದ ಚಾಂಪಿಯನ್ಸ್’. ಉಪ್ಪಳದಿಂದ ಮುಳ್ಳೇರಿಯದವರೆಗೆ ಮೈಕ್ ಸೆಟ್ ಒಯ್ಯುವುದು ನನ್ನ ಕಸುಬು. ಈ ಹಾಡಿಗೆ ಹೆಗಲ ಮೇಲೆ ಕೈಹಾಕಿ ಕುಣಿಯುವ ಹುಡುಗರನ್ನು ವರ್ಷ ವರ್ಷವೂ ನೋಡುತ್ತೇನೆ. ಹಾಡಿದವರು ಯಾರೆಂದು ಕೇಳಿದರೆ ಹೆಚ್ಚಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. 1977ರ ಹಾಡು ನಮ್ಮ ಮೈದಾನಕ್ಕೆ ಬಂದು ನೆಲೆಸಿದೆ, ಹಾಡಿದವರು ಬಂದಿಲ್ಲ. ಹಾಡಿದ್ದು ಇಂಗ್ಲೆಂಡಿನ ರಾಕ್ ತಂಡ ಕ್ವೀನ್. ಫ್ರೆಡ್ಡಿ ಮರ್ಕ್ಯುರಿ, ಬ್ರಯನ್ ಮೇ, ರೋಜರ್ ಟೇಲರ್, ಜಾನ್ ಡೀಕನ್ ಎಂಬ ಅದರ ನಾಲ್ವರನ್ನೂ ಊರಿಗೆ ಪರಿಚಯಿಸಬೇಕೆಂದು ಬಯಸುವ ಕ್ಲಬ್ಬು, ಗ್ರಂಥಾಲಯಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎರಡು ಗಂಟೆಯ ಕಾರ್ಯಕ್ರಮ ಸಾಕು. ಭಾಷಣ ಕಡಿಮೆ ಇರಲಿ, ಬಂದವರ ಕೈಕಾಲಿಗೆ ಕೆಲಸ ಹೆಚ್ಚಿರಲಿ. ಈ ತಂಡ ಐವತ್ತು ವರ್ಷ ಉಳಿದದ್ದು ಕೇಳುಗರಿಗೂ ಹಾಡಿನಲ್ಲಿ ಒಂದು ಪಾಲು ಕೊಟ್ಟದ್ದರಿಂದ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಆ ಪಾಲನ್ನು ಬಂದವರ ಕೈಗೆ ದಾಟಿಸುವುದೇ ಸಂಘಟಕರ ಕೆಲಸ.

ದಿನದ ಆಯ್ಕೆ ಮೊದಲು. ಮಳೆಗಾಲ ಬೇಡ, ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಯಾವ ಆಂಪ್ಲಿಫೈಯರ್ ಕೂಡ ಸೋಲುತ್ತದೆ. ಜಾತ್ರೆ, ಯಕ್ಷಗಾನಗಳ ಕಾಲ ಬಿರುಸಾದರೆ ಮೈಕ್ ಸೆಟ್ ಸಿಗುವುದಿಲ್ಲ. ಹಾಗಾಗಿ ನವೆಂಬರಿನ ಮೊದಲ ಎರಡು ವಾರ ಒಳ್ಳೆಯದು. ನವೆಂಬರ್ 1 ಮಾತ್ರ ಬಿಡಿ. ಅಂದು ಒಂದೆಡೆ ರಾಜ್ಯೋತ್ಸವ, ಇನ್ನೊಂದೆಡೆ ಕೇರಳ ಪಿರವಿ, ಸಭಾಭವನ ಖಾಲಿ ಇರುವುದಿಲ್ಲ. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಅನುಮತಿಯನ್ನು ಮೊದಲೇ ಪಡೆಯಿರಿ, ರಾತ್ರಿ ಹತ್ತಕ್ಕೆ ಮೊದಲು ಮುಗಿಸಿ. ಟಿಕೆಟ್ ಇಡಬೇಡಿ. ಲಾಭಕ್ಕಾಗಿ ನಡೆಸದ ಕ್ಲಬ್ಬು ತನ್ನ ಚಟುವಟಿಕೆಯ ಭಾಗವಾಗಿ ಧ್ವನಿಮುದ್ರಿತ ಹಾಡು ಕೇಳಿಸುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಹಣ ಮಾಡಲು ಹೊರಟರೆ ಲೆಕ್ಕ ಬೇರೆಯಾಗುತ್ತದೆ.

ಇನ್ನು ನನ್ನ ಕಸುಬಿನ ವಿಷಯ. ನಮ್ಮ ಕಡೆ ಮದುವೆಗೂ ಸಭೆಗೂ ಕಟ್ಟುವ ಮೈಕ್ ಸೆಟ್ ಸಾಮಾನ್ಯವಾಗಿ ಮೋನೋ. ಎಡದ ಬಾಕ್ಸಿಗೂ ಬಲದ ಬಾಕ್ಸಿಗೂ ಹೋಗುವುದು ಒಂದೇ ಧ್ವನಿ. ಭಾಷಣಕ್ಕೆ ಅದೇ ಸರಿ, ಕ್ವೀನ್‌ಗೆ ಅದು ಸಾಲದು. ಇವರ ಹಾಡುಗಳಲ್ಲಿ ಕಂಠಗಳು ಎಡದಿಂದ ಬಲಕ್ಕೆ ನಡೆದು ಹೋಗುತ್ತವೆ, ಒಂದು ಬದಿಯಿಂದ ಕೂಗಿದರೆ ಇನ್ನೊಂದು ಬದಿಯಿಂದ ಉತ್ತರ ಬರುತ್ತದೆ. ಮೋನೋದಲ್ಲಿ ಅದೆಲ್ಲ ನಡುವೆ ಮುದ್ದೆಯಾಗುತ್ತದೆ. ಆದ್ದರಿಂದ ಮೈಕ್ ಸೆಟ್ಟಿನವರಿಗೆ ಮುಂಗಡ ಕೊಡುವಾಗಲೇ ‘ಸ್ಟೀರಿಯೋ ಬೇಕು’ ಎಂದು ಹೇಳಿ. ಫೋನಿನಿಂದ ಬರುವ ಕೇಬಲ್ಲಿನ ಎರಡು ಪಿನ್ನುಗಳನ್ನು ಮಿಕ್ಸರಿನ ಎರಡು ಬೇರೆ ಚಾನಲ್‌ಗಳಿಗೆ ಚುಚ್ಚಿಸಿ, ಒಂದರ ಪ್ಯಾನ್ ಗುಂಡಿಯನ್ನು ಪೂರ್ತಿ ಎಡಕ್ಕೆ, ಇನ್ನೊಂದರದ್ದನ್ನು ಪೂರ್ತಿ ಬಲಕ್ಕೆ ತಿರುಗಿಸಲು ಹೇಳಿ. ಎಡ ಬಾಕ್ಸಿಗೊಂದು, ಬಲ ಬಾಕ್ಸಿಗೊಂದು ಆಂಪ್ಲಿಫೈಯರ್ ಚಾನಲ್. ಖರ್ಚು ಹೆಚ್ಚಾಗುವುದಿಲ್ಲ, ಕೇಬಲ್ ಎಳೆಯುವ ಶ್ರಮ ಸ್ವಲ್ಪ ಹೆಚ್ಚು, ಅಷ್ಟೇ.

ಬಾಕ್ಸ್‌ಗಳನ್ನು ಮೂಲೆಗೆ ಒತ್ತಿ ಇಡಬೇಡಿ, ಬೇಸ್ ಗುಂಯ್ಗುಟ್ಟುತ್ತದೆ. ಗೋಡೆಯಿಂದ ನಾಲ್ಕೈದು ಅಡಿ ಮುಂದಕ್ಕೆ, ಕುಳಿತವರ ಕಿವಿಗಿಂತ ತುಸು ಎತ್ತರದಲ್ಲಿ, ಒಳಮುಖವಾಗಿ ತುಸು ತಿರುಗಿಸಿ ನಿಲ್ಲಿಸಿ. ಗಾರೆ ಮಾಡದ ಮುರಕಲ್ಲಿನ ಗೋಡೆ, ಹಂಚಿನ ಮಾಡು ಇರುವ ಹಳೆಯ ಕಟ್ಟಡ ಸಿಕ್ಕಿದರೆ ಬಿಡಬೇಡಿ, ಹೊಸ ಟೈಲ್ಸ್ ಹಾಕಿದ ಹಾಲ್‌ಗಿಂತ ಅಲ್ಲಿ ಹಾಡು ಸ್ಪಷ್ಟವಾಗಿ ಕೇಳುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹಾಡುಗಳನ್ನು ಮೊದಲೇ ಇಳಿಸಿಕೊಂಡಿರಿ. ಕರೆಂಟು ಹೋದರೆ ಹತ್ತು ನಿಮಿಷವಾದರೂ ನಡೆಯುವಂತೆ ಇನ್ವರ್ಟರ್ ಇರಲಿ.

ಮೊದಲ ಹಾಡು ‘ವಿ ವಿಲ್ ರಾಕ್ ಯೂ’ ಆಗಿರಲಿ. ಆದರೆ ಹಾಡನ್ನು ಕೂಡಲೇ ಹಾಕಬೇಡಿ. ಬಂದವರಿಂದ ಮೊದಲು ಅದನ್ನು ಮಾಡಿಸಿ. ಎರಡು ಬಾರಿ ಕಾಲು ತುಳಿಯುವುದು, ಒಂದು ಚಪ್ಪಾಳೆ, ಆಮೇಲೆ ಒಂದು ಖಾಲಿ ಜಾಗ. ಈ ಖಾಲಿ ಜಾಗವನ್ನೇ ಎಲ್ಲರೂ ನುಂಗಿಬಿಡುತ್ತಾರೆ, ಅರ್ಧ ನಿಮಿಷದಲ್ಲಿ ಇಡೀ ಸಭೆ ಓಡತೊಡಗುತ್ತದೆ. ಮುಂದೆ ಒಬ್ಬರು ನಿಂತು, ಖಾಲಿ ಬಂದಾಗಲೆಲ್ಲ ಕೈಯನ್ನು ಮೇಲೆತ್ತಿ ತೋರಿಸಲಿ. ಚೆಂಡೆಯೋ ಮದ್ದಳೆಯೋ ಬಲ್ಲವರು ಊರಿನಲ್ಲಿ ಇದ್ದೇ ಇರುತ್ತಾರೆ. ಅವರನ್ನು ನಿಲ್ಲಿಸಿದರೆ ಲಯ ಜಾರುವುದಿಲ್ಲ. ಸಿಮೆಂಟ್ ನೆಲದ ಮೇಲೆ ಬರಿಗಾಲಿಗೆ ಸದ್ದು ಬರುವುದಿಲ್ಲ. ಶಾಲೆಯಿಂದ ಬೆಂಚುಗಳನ್ನು ಕೇಳಿ ತಂದು, ಅವುಗಳ ಹಲಗೆಯ ಮೇಲೆ ಕಾಲು ಬೀಳುವಂತೆ ಸಾಲಾಗಿ ಇಡಿ. ಮೂಲದಲ್ಲೂ ಆದದ್ದು ಇದೇ. ಲಂಡನ್ನಿನ ವೆಸೆಕ್ಸ್ ಸ್ಟುಡಿಯೋ ಇದ್ದದ್ದು ಹಳೆಯದೊಂದು ಚರ್ಚ್ ಹಾಲ್‌ನಲ್ಲಿ. ಅಲ್ಲಿ ಬಿದ್ದಿದ್ದ ಹಲಗೆಗಳ ಮೇಲೆ ತಂಡದವರು ಕಾಲು ತುಳಿದು ಧ್ವನಿಮುದ್ರಿಸಿದರು. ಇಡೀ ಹಾಡಿನಲ್ಲಿ ಡ್ರಮ್ ಇಲ್ಲ, ಬೇಸ್ ಗಿಟಾರ್ ಇಲ್ಲ, ಕೊನೆಗೆ ಮಾತ್ರ ಗಿಟಾರ್ ಬರುತ್ತದೆ. ಎರಡು ನಿಮಿಷದ ಹಾಡು.

ಅದು ಹುಟ್ಟಿದ ಬಗೆಯನ್ನು ಇಲ್ಲಿ ಹೇಳಿ. 1977ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ನ ಬಿಂಗ್ಲಿ ಹಾಲ್‌ನಲ್ಲಿ ಸಂಗೀತ ಕಛೇರಿ ಮುಗಿಸಿ ತಂಡ ವೇದಿಕೆಯಿಂದ ಇಳಿದ ಮೇಲೂ ಜನ ಎದ್ದು ಹೋಗಲಿಲ್ಲ. ಲಿವರ್‌ಪೂಲ್ ಫುಟ್‌ಬಾಲ್ ಅಭಿಮಾನಿಗಳ ನೆಚ್ಚಿನ ಹಾಡೊಂದನ್ನು ಒಟ್ಟಾಗಿ ಹಾಡತೊಡಗಿದರು. ಇಷ್ಟು ಜನ ಒತ್ತಾಗಿ ನಿಂತಲ್ಲಿ ಏನು ಮಾಡಲು ಸಾಧ್ಯ ಎಂದು ತಂಡದ ಗಿಟಾರ್ ವಾದಕ ಬ್ರಯನ್ ಮೇ ಯೋಚಿಸಿದರು. ಕಾಲು ತುಳಿಯಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ಆ ಯೋಚನೆಯೇ ಹಾಡಾಯಿತು. ಫುಟ್‌ಬಾಲ್ ಗ್ಯಾಲರಿಯಿಂದ ಹೊರಟದ್ದು ಮತ್ತೆ ಫುಟ್‌ಬಾಲ್ ಗ್ಯಾಲರಿಗೇ ಬಂದು ಸೇರಿದೆ, ನಮ್ಮ ಸೆವೆನ್ಸ್ ಗ್ಯಾಲರಿಯೂ ಅದರಲ್ಲಿ ಒಂದು.

ನನಗೆ ಬಹಳ ಇಷ್ಟವಾದ ಸಂಗತಿ ಇದರ ಮುಂದಿದೆ. ಕೆಲವೇ ಜನರ ಕಾಲಿನ ಸದ್ದು ಸಾವಿರಾರು ಜನರದ್ದಾಗಿ ಕೇಳುವುದು ಹೇಗೆ? ಕ್ಲಬ್ಬಿನ ಹುಡುಗರು ‘ಅಣ್ಣಾ, ಸ್ವಲ್ಪ ಎಕೋ ಕೊಡಿ’ ಎಂದು ಯಾವಾಗಲೂ ಕೇಳುತ್ತಾರೆ. ಈ ಹಾಡಿನಲ್ಲಿ ಎಕೋ ಇಲ್ಲ. ದೊಡ್ಡ ಗುಂಪಿನಲ್ಲಿ ಹತ್ತು ಮೀಟರ್ ಹಿಂದೆ ನಿಂತವರ ಚಪ್ಪಾಳೆ ನಿಮಗೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ತಡವಾಗಿ ಕೇಳುತ್ತದೆ, ನಲವತ್ತು ಮೀಟರ್ ಹಿಂದಿನವರದ್ದು ಇನ್ನೂ ತಡವಾಗಿ. ಭೌತಶಾಸ್ತ್ರ ಓದಿದ್ದ ಮೇ ಈ ತಡಗಳನ್ನೇ ಲೆಕ್ಕಹಾಕಿ, ಒಂದಕ್ಕೊಂದು ಹೊಂದದ ಅಂತರಗಳಲ್ಲಿ ಅದೇ ಸದ್ದನ್ನು ಮತ್ತೆ ಮತ್ತೆ ಸೇರಿಸಿದರು. ಅದಕ್ಕೇ ನಾವು ಜನರ ನಡುವೆ ನಿಂತಂತೆ ಅನಿಸುತ್ತದೆ. ಇದನ್ನು ವಿವರಿಸಿದ ಮೇಲೆ ಹಾಡು ಹಾಕಿ, ಮಿಕ್ಸರಿನ ಎಕೋ ಗುಂಡಿಯನ್ನು ಸೊನ್ನೆಗೆ ಇಳಿಸಿ. ಯಾರು ಎಷ್ಟು ಕೇಳಿಕೊಂಡರೂ ಅದನ್ನು ಮುಟ್ಟಲು ಬಿಡಬೇಡಿ.

ಎರಡನೆಯದಕ್ಕೆ ‘ಗುಡ್ ಕಂಪನಿ’ಯನ್ನು ಹಾಕಿ. 1975ರ ‘ಎ ನೈಟ್ ಅಟ್ ದಿ ಆಪೆರಾ’ ಆಲ್ಬಮಿನ ಹಾಡು, ಹೆಚ್ಚಿನವರು ಕೇಳಿರುವುದಿಲ್ಲ. ಒಂದೊಂದು ಚೀಟಿ ಹಂಚಿ, ನಡುವೆ ಬರುವ ವಾದ್ಯಗಳ ಹೆಸರು ಬರೆಯಲು ಹೇಳಿ. ಕ್ಲಾರಿನೆಟ್, ತುತ್ತೂರಿ, ಬ್ಯಾಂಡ್‌ಸೆಟ್ ಎಂದೆಲ್ಲ ಬರೆಯುತ್ತಾರೆ. ಆ ಊದುವ ವಾದ್ಯಗಳೆಲ್ಲ ಒಬ್ಬರ ಒಂದೇ ಗಿಟಾರ್ ಎಂದು ಆಮೇಲೆ ತಿಳಿಸಿ. ಬ್ರಯನ್ ಮೇ ತಂದೆಯ ಜೊತೆ ಸೇರಿ 1963ರಲ್ಲಿ ಮನೆಯಲ್ಲೇ ಮಾಡಲು ತೊಡಗಿದ ಗಿಟಾರ್ ಅದು. ಕುತ್ತಿಗೆಗೆ ಹಳೆಯ ಬೆಂಕಿಗೂಡಿನ ಮೇಲಿದ್ದ ಮರ, ತಂತಿ ಜಗ್ಗುವ ಕಂಬಿಗೆ ಹಳೆಯ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗ್, ಸ್ವರಸ್ಥಾನ ಗುರುತಿಸಲು ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳು. ಮೀಟುವುದು ಆರು ಪೆನ್ಸ್‌ನ ನಾಣ್ಯದಿಂದ. ಇದೇ ಗಿಟಾರನ್ನು ಅವರು 2002ರಲ್ಲಿ ಬಕಿಂಗ್‌ಹ್ಯಾಂ ಅರಮನೆಯ ಮಾಡಿನ ಮೇಲೆ ನಿಂತು ನುಡಿಸಿದರು. ಹಾಡುಗಾರಿಕೆಗಾಗಿ ಬಿಟ್ಟಿದ್ದ ಖಭೌತಶಾಸ್ತ್ರದ ಸಂಶೋಧನೆಯನ್ನು ಪೂರೈಸಿ 2007ರಲ್ಲಿ ಡಾಕ್ಟರೇಟ್ ಕೂಡ ಪಡೆದರು.

ಆ ಊದುವ ದನಿ ಬಂದದ್ದು ಇನ್ನೊಂದು ಪೆಟ್ಟಿಗೆಯಿಂದ. ಬೇಸ್ ಗಿಟಾರಿನ ಜಾನ್ ಡೀಕನ್ ಇಲೆಕ್ಟ್ರಾನಿಕ್ಸ್ ಓದಿದವರು. ದಾರಿಬದಿಯ ಕಸದ ತೊಟ್ಟಿಯಲ್ಲಿ ಸಿಕ್ಕಿದ ಸರ್ಕ್ಯೂಟ್ ಬೋರ್ಡನ್ನು ಸಣ್ಣ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ, 9 ವೋಲ್ಟ್ ಬ್ಯಾಟರಿ ಜೋಡಿಸಿ ಒಂದು ಪುಟ್ಟ ಆಂಪ್ಲಿಫೈಯರ್ ಮಾಡಿಕೊಂಡರು. ಅಭಿಮಾನಿಗಳು ಇಂದಿಗೂ ಅದನ್ನು ಡೀಕಿ ಆಂಪ್ ಎಂದು ಕರೆಯುತ್ತಾರೆ. ಊರಿನ ರೇಡಿಯೋ ರಿಪೇರಿಯವರನ್ನೂ ಬಡಗಿಗಳನ್ನೂ ಐಟಿಐ ವಿದ್ಯಾರ್ಥಿಗಳನ್ನೂ ಈ ಸಂಜೆಗೆ ತಪ್ಪದೆ ಕರೆಯಿರಿ ಎನ್ನುವುದು ಇದೇ ಕಾರಣಕ್ಕೆ. ಹಳೆಯ ರೇಡಿಯೋದ ಬೋರ್ಡೊಂದನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಮುಟ್ಟಿ ನೋಡಲು ಬಿಡಿ. ಕೈಕೆಲಸ ಬಲ್ಲವರಿಗೆ ಈ ತಂಡ ಎಷ್ಟು ಹತ್ತಿರದ್ದೆಂದು ಆಗ ತಿಳಿಯುತ್ತದೆ.

ತಂಡದ ಮುಖ್ಯ ಗಾಯಕ ಫ್ರೆಡ್ಡಿಯ ಪರಿಚಯಕ್ಕೆ ಐದು ನಿಮಿಷ ಸಾಕು. 1946ರ ಸೆಪ್ಟೆಂಬರ್ 5ರಂದು ಪೂರ್ವ ಆಫ್ರಿಕಾದ ಜಂಜಿಬಾರ್‌ನಲ್ಲಿ ಪಾರ್ಸಿ ಮನೆತನದಲ್ಲಿ ಹುಟ್ಟಿದ ಫರೂಖ್ ಬುಲ್ಸಾರಾ ಶಾಲೆ ಕಲಿತದ್ದು ಮಹಾರಾಷ್ಟ್ರದ ಪಂಚಗನಿಯಲ್ಲಿ, ನಮ್ಮ ಬೆನ್ನಿಗಿರುವ ಇದೇ ಸಹ್ಯಾದ್ರಿಯ ಮೇಲೆ. ಮೊದಲ ಬಾರಿ ತಂಡ ಕಟ್ಟಿ ಪಿಯಾನೋ ನುಡಿಸಿದ್ದೂ ಅಲ್ಲಿನ ಶಾಲೆಯಲ್ಲೇ. 1964ರಲ್ಲಿ ಮನೆಯವರೊಂದಿಗೆ ಇಂಗ್ಲೆಂಡಿಗೆ ಹೋದರು. 1991ರ ನವೆಂಬರ್ 24ರಂದು, 45ನೆಯ ವಯಸ್ಸಿನಲ್ಲಿ, ಏಡ್ಸ್‌ನಿಂದ ಉಂಟಾದ ನ್ಯುಮೋನಿಯಾದಿಂದ ತೀರಿಕೊಂಡರು. ಕಾಯಿಲೆಯ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳುವ ಅಗತ್ಯವಿಲ್ಲ.

ಈಗ ‘ಬೊಹೀಮಿಯನ್ ರ‍್ಯಾಪ್ಸಡಿ’. ಸ್ಟೀರಿಯೋ ಕಟ್ಟಿಸಿದ್ದು ಮುಖ್ಯವಾಗಿ ಇದಕ್ಕೆ. ದೀಪ ಆರಿಸಿ, ಮಾತು ನಿಲ್ಲಿಸಿ, 5 ನಿಮಿಷ 55 ಸೆಕೆಂಡು ಪೂರ್ತಿ ಕೇಳಿಸಿ. ರೇಡಿಯೋದಲ್ಲಿ ಇಷ್ಟುದ್ದದ ಹಾಡು ಓಡದು ಎಂಬ ಮಾತಿತ್ತು. 1975ರ ಕೊನೆಗೆ ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು, ಫ್ರೆಡ್ಡಿ ತೀರಿಕೊಂಡ ಮೇಲೆ ಮತ್ತೆ ಐದು ವಾರ. ಪಲ್ಲವಿ ಇಲ್ಲದ, ಕತೆ ತಿರುಗಿದಲ್ಲಿ ಗತಿಯೂ ತಿರುಗುವ ಹಾಡೆಂದರೆ ಹಲವು ಕಡೆಯ ಕೇಳುಗರಿಗೆ ಅಚ್ಚರಿ. ಕುಂಬಳೆ ಸೀಮೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ಕೇಳಿ ಬೆಳೆದವರಿಗೆ ಭಾವ ಬದಲಾದರೆ ತಾಳವೂ ಬದಲಾಗುವುದು ಹೊಸತಲ್ಲ. ನನ್ನ ಅನುಭವದಲ್ಲಿ ಈ ಹಾಡನ್ನು ಎಲ್ಲರಿಗಿಂತ ಬೇಗ ಒಪ್ಪಿಕೊಳ್ಳುವವರು ಹಿರಿಯ ಯಕ್ಷಗಾನಪ್ರಿಯರು. ಎರಡನೆಯ ಬಾರಿ ಕೇಳಿಸುವಾಗ ನಡುವಿನ ಆಪೆರಾ (ಪಾಶ್ಚಾತ್ಯ ಗೀತನಾಟಕ) ಶೈಲಿಯ ಭಾಗವನ್ನಷ್ಟೇ ಹಾಕಿ. ಆ ಗುಂಪುಗಾಯನವೆಲ್ಲ ಮೂವರದ್ದೇ: ಫ್ರೆಡ್ಡಿ, ಮೇ ಮತ್ತು ಟೇಲರ್. ಮೇಲಿನ ಸ್ಥಾಯಿಯ ಕಂಠ ಡ್ರಮ್ ಬಾರಿಸುವ ಟೇಲರ್ ಅವರದು. ಕಂಠದ ಮೇಲೆ ಕಂಠ ಸೇರಿಸುತ್ತಾ ಹೋಗಿ, ಟೇಪನ್ನು ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಷ್ಟು ಅದು ಸವೆದಿತ್ತು ಎಂದು ಮೇ ಹೇಳಿದ್ದಾರೆ.

‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಡೀಕನ್ ಬರೆದ 1980ರ ಹಾಡು. ಇದನ್ನು ಕೇಳಿಸುವ ಬದಲು ಬಳಸಿ. ಹೃದಯ ನಿಂತವರಿಗೆ ಸಿಪಿಆರ್ ಕೊಡುವಾಗ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಈ ಹಾಡಿನ ಲಯ ನಿಮಿಷಕ್ಕೆ ಸುಮಾರು 110. ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯರೊಬ್ಬರನ್ನು ಕರೆದು, ಒತ್ತಲು ಗಟ್ಟಿ ದಿಂಬುಗಳನ್ನಿಟ್ಟು, ಹಾಡಿನ ಜೊತೆ ಅಭ್ಯಾಸ ಮಾಡಿಸಿ. ಎಷ್ಟು ಆಳಕ್ಕೆ, ಎಲ್ಲಿ ಒತ್ತಬೇಕೆಂಬುದನ್ನು ಅವರೇ ತೋರಿಸಲಿ.

ಕೊನೆಯ ಅರ್ಧ ಗಂಟೆ ಪರದೆಗೆ. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಲೈವ್ ಏಡ್‌ನಲ್ಲಿ ಕ್ವೀನ್‌ಗೆ ಸಿಕ್ಕಿದ್ದು ಇಪ್ಪತ್ತು ನಿಮಿಷಕ್ಕಿಂತ ತುಸು ಹೆಚ್ಚು. ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸಲು ನಡೆದ ಕಾರ್ಯಕ್ರಮ. ಯೂಟ್ಯೂಬಿನ ಅಧಿಕೃತ ಚಾನಲ್ಲಿನ ದೃಶ್ಯವನ್ನೇ ತೋರಿಸಿ, ನಡುವೆ ಜಾಹೀರಾತು ಬರದಂತೆ ಏರ್ಪಾಡು ಮಾಡಿ. ‘ರೇಡಿಯೋ ಗಾಗಾ’ ಬಂದಾಗ ಇಡೀ ಕ್ರೀಡಾಂಗಣ ತಲೆಯ ಮೇಲೆ ಕೈಯೆತ್ತಿ ಎರಡೆರಡು ಚಪ್ಪಾಳೆ ತಟ್ಟುತ್ತದೆ; ನಿಮ್ಮ ಸಭೆಯೂ ತಟ್ಟಲಿ. ಆ ಹಾಡು ರೇಡಿಯೋದ ಮೇಲಿನ ಪ್ರೀತಿಯ ಹಾಡು, ಟೇಲರ್ ಬರೆದದ್ದು, ಅಮೆರಿಕದ ಗಾಯಕಿ ಲೇಡಿ ಗಾಗಾ ತಮ್ಮ ಹೆಸರು ತೆಗೆದುಕೊಂಡದ್ದು ಅದರಿಂದ. ದೃಶ್ಯ ತೋರಿಸುವ ಮೊದಲು, ಮಂಗಳೂರು ಆಕಾಶವಾಣಿ ಕೇಳುತ್ತಾ ಬೆಳೆದ ಹಿರಿಯರೊಬ್ಬರಿಂದ ರೇಡಿಯೋದ ಬಗ್ಗೆ ಎರಡು ಮಾತು ಹೇಳಿಸಿ. ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ, ಅವರಿಗೆ ಯಾವುದು ಹಿತವೋ ಅದರಲ್ಲಿ.

ಆ ದೃಶ್ಯದ ಕೊನೆಗೆ ಬರುವ ‘ವಿ ಆರ್ ದ ಚಾಂಪಿಯನ್ಸ್’ ಮುಗಿಯುವಾಗ ಎಲ್ಲರೂ ಎದ್ದು ನಿಂತಿರುತ್ತಾರೆ, ಮತ್ತೊಮ್ಮೆ ಹಾಕಿ ಎನ್ನುತ್ತಾರೆ. ಒಂಬತ್ತೂವರೆ ಆಗಿಲ್ಲದಿದ್ದರೆ ಹಾಕಿ. ಆಮೇಲೆ ವಾಲ್ಯೂಮ್ ಪೂರ್ತಿ ಇಳಿಸಿ, ಮೊದಲು ಆಂಪ್ಲಿಫೈಯರ್ ಆಫ್ ಮಾಡಿ, ಮಿಕ್ಸರ್ ಅದರ ನಂತರ. ತಿರುವುಮುರುವು ಮಾಡಿದರೆ ಬಾಕ್ಸ್‌ಗಳಿಗೆ ಏಟು ಬೀಳುತ್ತದೆ. ಶಾಲೆಯ ಬೆಂಚುಗಳನ್ನು ಎಣಿಸಿ ಆ ರಾತ್ರಿಯೇ ಹಿಂದಿರುಗಿಸಿ, ಬೆಳಗ್ಗೆ ಎತ್ತಲು ಜನ ಸಿಗುವುದಿಲ್ಲ.